ಗಾಡಿಗೆ ಯಾವ ವ್ಯಾಕ್ಸ್ ಹಚ್ಚಲಿ?

ಹೋದ ತಿಂಗಳು ಬೈಕಿನ ಚೈನಿಗೆ ಎಣ್ಣೆ ಬಿಡುವ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಪ್ಪಾಯಿತು ನೋಡಿ, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಗಾಡಿಯ ಬಣ್ಣದ ಬಗ್ಗೆಯೇ ಇವೆ. ಬಿಸಿಲು ಬೇರೆ ಏರುತ್ತಿದೆ. ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಣ್ಣಾ, ನಮಸ್ಕಾರ. ದಸರೆಗೆ ಹೊಸ ಬೈಕ್ ತಗೊಂಡೆ, ಕಡುಗಪ್ಪು ಬಣ್ಣ. ಆರು ತಿಂಗಳೂ ತುಂಬಿಲ್ಲ, ಬಿಸಿಲಲ್ಲಿ ನಿಂತು ನೋಡಿದರೆ ಟ್ಯಾಂಕಿನ ಮೇಲೆ ಜೇಡರ ಬಲೆಯಂತೆ ಸಣ್ಣ ಸಣ್ಣ ಗೀರು ಕಾಣುತ್ತವೆ. ದಿನಾ ಬೆಳಿಗ್ಗೆ ಅರಿವೆಯಿಂದ ಒರೆಸುತ್ತೇನೆ, ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ. ಗೆಳೆಯರು ವ್ಯಾಕ್ಸ್ ಹಚ್ಚು ಅಂತಾರೆ. ಅಂಗಡಿಗೆ ಹೋದರೆ ಕಾರ್ನೌಬಾ, ಸಿಂಥೆಟಿಕ್, ಸೆರಾಮಿಕ್, ಪಾಲಿಶ್ ಅಂತ ಹತ್ತು ಡಬ್ಬಿ ಮುಂದಿಟ್ಟರು. ಯಾವುದು ತಗೊಳ್ಳಲಿ?
— ಕಾಲೇಜು ಹುಡುಗ, ವಿಜಯಪುರ

ಉತ್ತರ: ತಮ್ಮಾ, ಸಿಟ್ಟಾಗಬೇಡ, ಆ ಗೀರು ಹಾಕಿದವನು ನೀನೇ. ದಿನಾ ಒರೆಸುತ್ತೀಯಲ್ಲ, ಆ ಅರಿವೆಯಿಂದಲೇ. ನಮ್ಮ ಕಡೆ ಧೂಳು ಎಂಥದ್ದು ಅಂತ ನಿನಗೆ ಹೇಳಬೇಕೆ? ರಾತ್ರಿ ಓಣಿಯಲ್ಲಿ ನಿಲ್ಲಿಸಿದ ಗಾಡಿಯ ಸೀಟಿನ ಮೇಲೆ ಬೆಳಿಗ್ಗೆ ಬೆರಳಿನಿಂದ ಹೆಸರು ಬರೆಯಬಹುದು. ಎರೆ ಹೊಲದ ಮಣ್ಣು ಮುಟ್ಟಿದರೆ ಹಿಟ್ಟಿನಂತಿರುತ್ತದೆ ನಿಜ, ಆದರೆ ರಸ್ತೆಯ ಧೂಳಿನಲ್ಲಿ ಅದರ ಜೊತೆ ಉಸುಕು, ಕಲ್ಲುಪುಡಿ ಎಲ್ಲ ಸೇರಿರುತ್ತದೆ, ಮತ್ತು ಉಸುಕಿನ ಕಣ ಗಾಡಿಯ ಬಣ್ಣಕ್ಕಿಂತ ಬಹಳ ಗಟ್ಟಿ. ಅದರ ಮೇಲೆ ಒಣ ಅರಿವೆ ಇಟ್ಟು ತಿಕ್ಕುವುದೂ ಒಂದೇ, ಉಪ್ಪುಕಾಗದ ತಿಕ್ಕುವುದೂ ಒಂದೇ. ಕಪ್ಪು ಗಾಡಿಯಲ್ಲಿ ಇದು ಎದ್ದು ಕಾಣುತ್ತದೆ, ಬಿಳಿ ಗಾಡಿಯಲ್ಲಿ ಕಾಣುವುದಿಲ್ಲ, ಇರುವುದು ಎರಡರಲ್ಲೂ ಇರುತ್ತದೆ.

ಗಾಡಿಯ ಬಣ್ಣ ಒಂದೇ ಪದರ ಅಲ್ಲ. ಕೆಳಗೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ನೀನು ನೋಡುವ ಹೊಳಪು ಆ ಮೇಲಿನ ಪದರದ್ದು. ಅದರ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಗೀರು ಬಿದ್ದಿರುವುದೂ ಅದರಲ್ಲೇ. ಬಿಸಿಲಿನಿಂದ ಕೆಳಗಿನ ಬಣ್ಣ ಮಾಸದಂತೆ ತಡೆಯುವುದೂ ಅದೇ.

ಈಗ ಡಬ್ಬಿಯ ವಿಷಯಕ್ಕೆ ಬರೋಣ. ಅಂಗಡಿಯವರು ಎಲ್ಲವನ್ನೂ ಪಾಲಿಶ್ ಅಂತಲೇ ಕೊಡುತ್ತಾರೆ, ಗೊಂದಲ ಶುರುವಾಗುವುದು ಅಲ್ಲಿಂದ. ಪಾಲಿಶ್‌ನಲ್ಲಿ ಅತಿ ಸಣ್ಣ ಪುಡಿ ಇರುತ್ತದೆ, ಅದು ಕ್ಲಿಯರ್ ಕೋಟನ್ನು ಒಂಚೂರು ಸವೆಸಿ ಗೀರಿನ ಅಂಚು ಮಟ್ಟ ಮಾಡುತ್ತದೆ. ಸವೆದದ್ದು ತಿರುಗಿ ಬರುವುದಿಲ್ಲ, ಹೀಗಾಗಿ ತಿಂಗಳಿಗೊಮ್ಮೆ ಪಾಲಿಶ್ ಹೊಡೆಸುವವರು ಕೈಯಾರೆ ಗಾಡಿಯ ಚರ್ಮ ಸುಲಿಯುತ್ತಿದ್ದಾರೆ ಅಂತಲೇ ಲೆಕ್ಕ. ವ್ಯಾಕ್ಸ್ ಏನನ್ನೂ ಸವೆಸುವುದಿಲ್ಲ, ಮೇಲೆ ಒಂದು ತೆಳು ಪೊರೆ ಕೂರಿಸುತ್ತದೆ, ಅಷ್ಟೇ. ಗೀರನ್ನು ಅದು ತೆಗೆಯುವುದೂ ಇಲ್ಲ, ಸ್ವಲ್ಪ ತುಂಬಿ ಮರೆಮಾಡಬಹುದು. ಡಬ್ಬಿಯ ಮೇಲೆ ಕ್ಲೀನರ್, ಕಾಂಪೌಂಡ್, ಸ್ಕ್ರ್ಯಾಚ್ ರಿಮೂವರ್ ಅಂತ ಇದ್ದರೆ ಒಳಗೆ ಪುಡಿ ಇದೆ ಅಂತ ತಿಳಿ. ವ್ಯಾಕ್ಸ್ ಅಂತ ಬರೆದು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕ್ಲೀನರ್ ಅಂತ ಬರೆದಿರುವುದೂ ಉಂಟು.

ಕಾರ್ನೌಬಾ ಅಂದರೆ ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯ ಮೇಣ. ಅಲ್ಲಿಯೂ ನಮ್ಮಂತೆ ಉರಿಬಿಸಿಲು, ನೀರು ಆರಿಹೋಗದಿರಲಿ ಅಂತ ಆ ಮರ ಎಲೆಗೆ ತಾನೇ ಮೇಣ ಹಚ್ಚಿಕೊಳ್ಳುತ್ತದೆ. ಮೇಣಗಳಲ್ಲಿ ಬಹಳ ಗಟ್ಟಿ, ಕರಗಲು 82 ಡಿಗ್ರಿಗೂ ಮೇಲೆ ಬೇಕು. ಆದರೆ ಡಬ್ಬಿಯಲ್ಲಿರುವುದು ಬರೀ ಕಾರ್ನೌಬಾ ಅಲ್ಲ, ಅಷ್ಟು ಗಟ್ಟಿ ಮೇಣವನ್ನು ಕೈಯಿಂದ ಹಚ್ಚಲು ಆಗುವುದೇ ಇಲ್ಲ, ಅದಕ್ಕೆ ಎಣ್ಣೆ, ದ್ರಾವಕ, ಬೇರೆ ಮೇಣ ಎಲ್ಲ ಬೆರೆಸಿರುತ್ತಾರೆ. ಹಚ್ಚಿದ ದಿನ ಕಪ್ಪು ಗಾಡಿ ಕೆರೆಯ ನೀರಿನಂತೆ ಕಾಣುತ್ತದೆ, ಅದನ್ನು ಒಪ್ಪಲೇಬೇಕು. ಬಾಳಿಕೆ ಮಾತ್ರ ಒಂದೂವರೆ, ಎರಡು ತಿಂಗಳು. ಸಿಂಥೆಟಿಕ್ ಸೀಲಂಟ್ ಅಂದರೆ ಕಾರ್ಖಾನೆಯ ಪಾಲಿಮರ್. ಹೊಳಪು ಸ್ವಲ್ಪ ಪ್ಲಾಸ್ಟಿಕ್ ಅನ್ನಿಸಬಹುದು, ಆದರೆ ನಾಲ್ಕಾರು ತಿಂಗಳು ಬರುತ್ತದೆ, ಬಿಸಿಗೂ ಶಾಂಪೂಗೂ ಅಷ್ಟು ಬೇಗ ಬಗ್ಗುವುದಿಲ್ಲ.

ವಿಜಯಪುರದ ಬಿಸಿಲಿನಲ್ಲಿ, ಕಪ್ಪು ಟ್ಯಾಂಕು, ಕಾಲೇಜಿನ ಬಯಲಲ್ಲಿ ಪಾರ್ಕಿಂಗು, ನಿನಗೆ ನನ್ನ ಓಟು ಸೀಲಂಟಿಗೆ. ಕಂಪನಿಯ ಹೆಸರಿಗಾಗಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ತ್ರೀಎಂ, ಟರ್ಟಲ್ ವ್ಯಾಕ್ಸ್, ಫಾರ್ಮುಲಾ ಒನ್ ಇಂಥವು ಎಲ್ಲ ಕಡೆ ಸಿಗುತ್ತವೆ, ಬೈಕಿಗೆ ಇರುವಲ್ಲೇ ಸಣ್ಣ ಡಬ್ಬಿ ತಗೋ. ಟ್ಯಾಂಕು, ಎರಡು ಪಕ್ಕದ ಪ್ಯಾನೆಲ್, ಮಡ್‌ಗಾರ್ಡ್, ಹಚ್ಚುವ ಜಾಗ ಇಷ್ಟೇ ಅಲ್ವಾ? ಕಾರಿನ ದೊಡ್ಡ ಡಬ್ಬಿ ತಂದರೆ ಮದುವೆಯಾಗಿ ಮಕ್ಕಳಾದರೂ ಖಾಲಿಯಾಗುವುದಿಲ್ಲ.

ಸೆರಾಮಿಕ್ ಕೋಟಿಂಗ್ ಅಂದರೆ ಬಣ್ಣದ ಮೇಲೆ ಹಚ್ಚಿದ ಮೇಲೆ ಗಟ್ಟಿಯಾಗಿ ಅಂಟಿ ಕೂರುವ ದ್ರವದ ಲೇಪ. ಬಾಳಿಕೆ ಬರುತ್ತದೆ, ಸುಳ್ಳಲ್ಲ. ಆದರೆ ಅದರ ಕೆಳಗೆ ಗೀರಿದ್ದರೆ ಗೀರಿನ ಸಮೇತ ಭದ್ರವಾಗಿ ಕೂರುತ್ತದೆ. ಮೊದಲು ಪಾಲಿಶ್, ಆಮೇಲೆ ಕೋಟಿಂಗ್ ಅಂತ ಖರ್ಚು ಏರುತ್ತದೆ. ಓದುವ ಹುಡುಗನಿಗೆ ಸುಮ್ನೆ ಯಾಕೆ ಅದು?

ಹಚ್ಚುವ ಕ್ರಮ ಹೇಳುತ್ತೇನೆ. ಬೆಳಿಗ್ಗೆ ಬಿಸಿಲೇರುವ ಮೊದಲು, ನೆರಳಲ್ಲಿ, ಟ್ಯಾಂಕು ಮುಟ್ಟಿದರೆ ತಣ್ಣಗಿರಬೇಕು. ಮೊದಲು ನೀರು ಸುರಿದು ಧೂಳು ಇಳಿಸು, ಕೈ ಹಚ್ಚಬೇಡ. ಆಮೇಲೆ ಗಾಡಿಯ ಶಾಂಪೂ ಮತ್ತು ಎರಡು ಬಕೆಟ್. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು, ಬಟ್ಟೆಯನ್ನು ಪ್ರತಿ ಸಲ ಬರೀ ನೀರಲ್ಲಿ ಜಾಲಿಸಿಯೇ ಶಾಂಪೂವಿಗೆ ಅದ್ದು. ಬಟ್ಟೆ ಒಗೆಯುವ ಪುಡಿ ಬೇಡ, ಪಾತ್ರೆ ತಿಕ್ಕುವ ಸೋಪೂ ಬೇಡ, ಅವು ಹಳೆ ವ್ಯಾಕ್ಸನ್ನು ಕಿತ್ತುಹಾಕುತ್ತವೆ. ಚೆನ್ನಾಗಿ ಒಣಗಿದ ಮೇಲೆ ಕೈಗೆ ತೆಳು ಕ್ಯಾರಿಬ್ಯಾಗ್ ಹಾಕಿಕೊಂಡು ಟ್ಯಾಂಕು ಸವರಿ ನೋಡು. ಗರಗರ ಅಂದರೆ ಇನ್ನೂ ಕೊಳೆ ಅಂಟಿದೆ, ಕ್ಲೇ ಬಾರ್ ಅಂತ ಜೇಡಿಮಣ್ಣಿನಂಥ ಉಂಡೆ ಸಿಗುತ್ತದೆ, ಟ್ಯಾಂಕು ಒದ್ದೆ ಮಾಡಿಕೊಂಡು ಅದರಿಂದ ಮೆಲ್ಲಗೆ ತೆಗೆಯಬಹುದು. ನುಣ್ಣಗಿದ್ದರೆ ಬಟಾಣಿ ಕಾಳಿನಷ್ಟು ವ್ಯಾಕ್ಸ್ ಸ್ಪಂಜಿಗೆ ತಗೊಂಡು ಅಂಗೈ ಅಗಲದ ಜಾಗಕ್ಕೆ ಸವರು. ರೊಟ್ಟಿಗೆ ಬೆಣ್ಣೆ ಹಚ್ಚುವಂತೆ ಅಲ್ಲ, ತವೆಗೆ ಎಣ್ಣೆ ಒರೆಸಿದಂತೆ. ದಪ್ಪ ಹಚ್ಚಿದರೆ ಹೆಚ್ಚು ರಕ್ಷಣೆ ಅಂತ ತುಂಬಾ ಜನ ತಿಳಿದಿದ್ದಾರೆ, ಇಲ್ಲ, ಹೆಚ್ಚಾದದ್ದೆಲ್ಲ ಒರೆಸುವ ಬಟ್ಟೆಗೇ ಹೋಗುತ್ತದೆ. ಮಸುಕಾಗಿ ಒಣಗಿದ ಮೇಲೆ ಶುದ್ಧ ಮೈಕ್ರೋಫೈಬರ್ ಬಟ್ಟೆಯಿಂದ ತೆಗೆ. ಬಟ್ಟೆ ನೆಲಕ್ಕೆ ಬಿತ್ತೋ, ಅವತ್ತಿಗೆ ಅದರ ಕೆಲಸ ಮುಗಿಯಿತು, ಒಗೆಯಲು ಹಾಕು.

ಹಾಂ, ಮಾಸಿದ ಬಣ್ಣದ ಚಿಂತೆ ಇದ್ದರೆ ವ್ಯಾಕ್ಸಿಗಿಂತ ನೆರಳು ದೊಡ್ಡದು. ಇಷ್ಟು ತೆಳು ಪೊರೆ ಬಿಸಿಲನ್ನು ಎಷ್ಟು ತಡೆದೀತು? ಆದರೆ ಬೇವಿನ ಮರದ ಕೆಳಗೆ ನಿಲ್ಲಿಸಿ ಹಕ್ಕಿ ಹಿಕ್ಕೆ ಬಿದ್ದರೆ ಆಗಲೇ ನೀರು ಹಾಕಿ ತೆಗೆ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ, ಬಿಸಿಲಲ್ಲಿ ಒಂದು ದಿನ ಬಿಟ್ಟರೆ ಕಲೆ ಕೂತುಬಿಡುತ್ತದೆ.

ಪ್ರಶ್ನೆ: ಸರ್, ನಮ್ಮಲ್ಲಿ ಬೋರಿನ ನೀರು. ಗಾಡಿ ತೊಳೆದಾಗಲೆಲ್ಲ ಬಿಳಿ ಚುಕ್ಕೆ ಉಳಿಯುತ್ತವೆ. ವಾಷಿಂಗ್ ಮಾಡುವ ಹುಡುಗ ಡೀಸೆಲ್ ಹೊಡೆದು ಕೊಟ್ಟ, ಎರಡು ದಿನ ಫಳಫಳ ಅಂದಿತು, ಮೂರನೇ ದಿನಕ್ಕೆ ಮೊದಲಿಗಿಂತ ಹೊಲಸು. ಚುಕ್ಕೆಯ ಮೇಲೆಯೇ ವ್ಯಾಕ್ಸ್ ಹಚ್ಚಬಹುದೇ?
— ಶಿಕ್ಷಕರು, ನವನಗರ, ಬಾಗಲಕೋಟೆ

ಉತ್ತರ: ಸರ್, ಬಾಗಲಕೋಟೆಯ ಸುತ್ತ ಸುಣ್ಣದಕಲ್ಲಿನ ನೆಲ, ನೀರು ಗಡಸು ಇರುವುದು ಸಹಜ. ನೀರು ಆರಿದ ಮೇಲೆ ಅದರಲ್ಲಿದ್ದ ಸುಣ್ಣ ಬಣ್ಣದ ಮೇಲೆ ಉಳಿಯುತ್ತದೆ, ನಿಮ್ಮ ಚಹಾ ಪಾತ್ರೆಯ ತಳದಲ್ಲಿ ಕೂರುವುದೂ ಅದೇ. ಮೇಲೆ ವ್ಯಾಕ್ಸ್ ಹಚ್ಚಿದರೆ ಚುಕ್ಕೆಗೆ ಚೌಕಟ್ಟು ಹಾಕಿದಂತಾಗುತ್ತದೆ. ಬಿಳಿ ವಿನೆಗರ್ ಮತ್ತು ಶುದ್ಧ ನೀರು ಸಮಸಮ ಬೆರೆಸಿ, ಬಟ್ಟೆಗೆ ಹಾಕಿಕೊಂಡು ಚುಕ್ಕೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ, ಸುಣ್ಣ ಕರಗುತ್ತದೆ, ಆಮೇಲೆ ನೀರಿನಿಂದ ಚೆನ್ನಾಗಿ ತೊಳೆಯಿರಿ. ಇಂಜಿನ್ನಿನ ಬರಿ ಅಲ್ಯೂಮಿನಿಯಂ ಭಾಗಕ್ಕೆ ಅದು ತಾಗುವುದು ಬೇಡ. ಇದಕ್ಕೂ ಹೋಗದ ಚುಕ್ಕೆ ಬಣ್ಣದೊಳಗೆ ಇಳಿದಿದೆ, ಅದಕ್ಕೆ ಮಾತ್ರ ಒಮ್ಮೆ ಪಾಲಿಶ್. ಮುಂದೆ ಕೊನೆಯ ಎರಡು ತಂಬಿಗೆ ನೀರು ಮನೆಯ ಕುಡಿಯುವ ನೀರಿನ ಆರ್‌ಒ ಫಿಲ್ಟರಿನದ್ದಾಗಲಿ, ಗಾಡಿ ತಾನೇ ಆರಲಿ ಅಂತ ಬಿಡದೆ ಕೂಡಲೇ ಬಟ್ಟೆ ಒತ್ತಿ ನೀರು ತೆಗೆಯಿರಿ. ಅದೇ ಅರ್ಧ ಔಷಧ.

ಡೀಸೆಲ್ ಮಾತ್ರ ಖಂಡಿತ ಬೇಡ. ನೀವು ನೋಡಿದ ಹೊಳಪು ಎಣ್ಣೆಯದ್ದು. ಎಣ್ಣೆ ಮೈ ಮೇಲೆ ಧೂಳು ಅಂಟಿಸಿಕೊಳ್ಳುತ್ತದೆ, ಇದ್ದ ವ್ಯಾಕ್ಸ್ ಕರಗಿಸುತ್ತದೆ, ರಬ್ಬರಿನ ಬುಷ್ಷು, ಪೈಪು ಉಬ್ಬಿ ಹಾಳಾಗುತ್ತವೆ. ಬ್ರೇಕ್ ಡಿಸ್ಕಿಗೆ ತಾಗಿದರಂತೂ ದೇವರೇ ಗತಿ. ಮುಂದಿನ ಸಲ ಗಾಡಿ ಬಿಡುವಾಗಲೇ ‘ಬರೇ ನೀರು, ಶಾಂಪೂ, ಡೀಸೆಲ್ ಬೇಡಪ್ಪಾ’ ಅಂತ ಎರಡು ಸಲ ಹೇಳಿ, ಒಂದು ಸಲಕ್ಕೆ ಕೇಳುವುದಿಲ್ಲ.

ಪ್ರಶ್ನೆ: ನನ್ನದು ಮ್ಯಾಟ್ ಬಣ್ಣದ ಗಾಡಿ. ಮಳೆಗಾಲದ ಮುಂಚೆ ವ್ಯಾಕ್ಸ್ ಹಚ್ಚಬೇಕು ಅಂತಿದ್ದೇನೆ.
— ಓದುಗ, ಟಿಳಕವಾಡಿ, ಬೆಳಗಾವಿ

ಉತ್ತರ: ಹಚ್ಚಬೇಡಿ. ಮ್ಯಾಟ್ ಬಣ್ಣದ ಮೇಲ್ಮೈ ಬೇಕಂತಲೇ ಒರಟಾಗಿರುತ್ತದೆ, ಬೆಳಕು ಚೆದುರಲಿ ಅಂತ. ವ್ಯಾಕ್ಸ್ ಆ ತಗ್ಗುಗಳನ್ನು ತುಂಬಿ ಅಲ್ಲಲ್ಲಿ ಹೊಳೆಯುವ ತೇಪೆ ಮಾಡುತ್ತದೆ, ಪಾಲಿಶ್ ಹೊಡೆದರಂತೂ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ. ಮ್ಯಾಟ್‌ಗೆ ಅಂತಲೇ ಸ್ಪ್ರೇ ಸೀಲಂಟ್ ಬರುತ್ತದೆ, ಡಬ್ಬಿಯ ಮೇಲೆ ಮ್ಯಾಟ್ ಅಂತ ಬರೆದಿದ್ದರೆ ಮಾತ್ರ ತಗೊಳ್ಳಿ, ಮೇ ಕೊನೆಗೆ ಹಚ್ಚಿದರೆ ನಿಮ್ಮ ಊರಿನ ಮಳೆಗೆ ಆಯಿತು. ಖಾನಾಪುರ ಕಡೆ ಹೋಗಿ ಬಂದರೆ ಮಡ್‌ಗಾರ್ಡಿನ ಒಳಗೆ ಅಂಟುವ ಕೆಮ್ಮಣ್ಣನ್ನು ಅವತ್ತೇ ತೊಳೆಯಿರಿ. ಆ ಜಾಗಕ್ಕೆ ಯಾರೂ ವ್ಯಾಕ್ಸ್ ಹಚ್ಚುವುದಿಲ್ಲ, ತುಕ್ಕು ಶುರುವಾಗುವುದೂ ಅಲ್ಲೇ.

ಪ್ರಶ್ನೆ: ಕಬ್ಬಿನ ಟ್ರಾಲಿ ಸವರಿ ಟ್ಯಾಂಕಿನ ಬಣ್ಣ ಕಿತ್ತುಹೋಗಿತ್ತು. ಹೊಸದಾಗಿ ಪೇಂಟ್ ಮಾಡಿಸಿ ಒಂದು ವಾರ ಆಯಿತು. ವ್ಯಾಕ್ಸ್ ಹಚ್ಚಿ ಭದ್ರ ಮಾಡಲೇ?
— ರೈತ, ಮುಧೋಳ

ಉತ್ತರ: ಎರಡು ತಿಂಗಳು ತಡೆಯಿರಿ. ಕಂಪನಿಯಲ್ಲಿ ಬಣ್ಣವನ್ನು ಒಲೆಯಂಥ ಕೋಣೆಯಲ್ಲಿ ಕಾಯಿಸಿ ಗಟ್ಟಿ ಮಾಡಿರುತ್ತಾರೆ, ಅಲ್ಲಿಂದ ಬಂದ ಹೊಸ ಗಾಡಿಗೆ ಮೊದಲ ದಿನವೇ ಹಚ್ಚಬಹುದು. ಗ್ಯಾರೇಜಿನ ಬಣ್ಣ ಗಾಳಿಗೆ ಆರುತ್ತದೆ, ಮೇಲೆ ಒಣಗಿದಂತೆ ಕಂಡರೂ ಒಳಗಿನ ತಿನ್ನರ್ ವಾರಗಟ್ಟಲೆ ಹೊರಗೆ ಬರುತ್ತಲೇ ಇರುತ್ತದೆ. ಅದರ ಬಾಯಿ ಮುಚ್ಚಿದರೆ ಬಣ್ಣ ಮೆತ್ತಗೇ ಉಳಿದು ಮಸುಕಾಗಬಹುದು. ಅಲ್ಲಿಯವರೆಗೆ ಬರೀ ನೀರು. ಪೆಟ್ರೋಲ್ ಹಾಕಿಸುವಾಗ ಮಾತ್ರ ಮೈ ಮೇಲೆ ಎಚ್ಚರ ಇರಲಿ, ಹಸಿ ಬಣ್ಣದ ಮೇಲೆ ಒಂದು ಹನಿ ಬಿದ್ದು ನಿಂತರೂ ಕಲೆ. ಹಳೆ ಬಣ್ಣವಾದರೂ ಅಷ್ಟೇ, ಮುಚ್ಚಳದ ಸುತ್ತ ವ್ಯಾಕ್ಸ್ ಮೊದಲು ಹೋಗುವುದು ಪೆಟ್ರೋಲಿನಿಂದಲೇ.

ಪ್ರಶ್ನೆ: ಆಯುಧಪೂಜೆಗೆ ಗಾಡಿಗೆ ಕುಂಕುಮ ಹಚ್ಚಿ ಲಿಂಬೆಹಣ್ಣು ಒಡೆದರೆ ನಮ್ಮ ಯಜಮಾನರು ‘ಬಣ್ಣ ಕೆಡಿಸಿದೆ’ ಅಂತ ಬೈಯುತ್ತಾರೆ. ವ್ಯಾಕ್ಸ್ ಹಚ್ಚಿದರೆ ಕಲೆ ಆಗುವುದಿಲ್ಲವೇ?
— ಓದುಗರು, ಇಂಡಿ

ಉತ್ತರ: ಅಕ್ಕಾವ್ರೇ, ಪೂಜೆ ನಿಲ್ಲಿಸುವುದು ಬೇಡ, ಅದೂ ಲಿಂಬೆಗೆ ಹೆಸರಾದ ಇಂಡಿಯಲ್ಲಿ! ಒಂದು ವಾರ ಮುಂಚೆ ವ್ಯಾಕ್ಸ್ ಹಚ್ಚಿದರೆ ಕುಂಕುಮ ಮೇಲೇ ನಿಲ್ಲುತ್ತದೆ, ಒಳಗೆ ಇಳಿಯುವುದು ಕಡಿಮೆ. ಆದರೆ ಒದ್ದೆ ಕುಂಕುಮ, ಅದರ ಮೇಲೆ ಚೆಂಡು ಹೂವಿನ ಮಾಲೆ, ಹಾಗೇ ಮೂರು ದಿನ ಬಿಸಿಲಲ್ಲಿ ಬಿಟ್ಟರೆ ಯಾವ ವ್ಯಾಕ್ಸೂ ಕಾಯುವುದಿಲ್ಲ. ನಾನು ಮಾಡುವುದು ಇಷ್ಟು. ಗಂಧ, ಕುಂಕುಮ ನಂಬರ್ ಪ್ಲೇಟಿನ ಅಂಚಿಗೆ, ಟ್ಯಾಂಕಿನ ಮೇಲೆ ಇಡಲೇಬೇಕು ಅಂದರೆ ಒಂದು ವೀಳ್ಯದೆಲೆ ಇಟ್ಟು ಅದರ ಮೇಲೆ. ಲಿಂಬೆಹಣ್ಣು ಚಕ್ರದ ಕೆಳಗೆ. ಮಾಲೆ ರಾತ್ರಿಯೇ ತೆಗೆದು, ಕುಂಕುಮವನ್ನು ಒರೆಸದೆ ನೀರು ಸುರಿದು ಇಳಿಸುವುದು. ಅರಿಶಿನದ ಹಳದಿ ಉಳಿದರೆ ಗಾಬರಿ ಬೇಡ, ಅದರ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ. ಯಜಮಾನರಿಗೂ ಒಂದು ಮಾತು: ದಿನಾ ಒಣ ಅರಿವೆಯಿಂದ ನೀವು ತಿಕ್ಕುವುದಕ್ಕಿಂತ ವರ್ಷಕ್ಕೊಮ್ಮೆ ಅವರು ಹಚ್ಚುವ ಕುಂಕುಮ ಎಷ್ಟೋ ವಾಸಿ.

ಪ್ರಶ್ನೆ: ವ್ಯಾಕ್ಸ್ ಉಳಿದಿದೆ. ಸೀಟು, ಟೈರು, ಸೈಲೆನ್ಸರಿಗೂ ಹಚ್ಚಿಬಿಡಲೇ?
— ಓದುಗ, ಜಮಖಂಡಿ

ಉತ್ತರ: ಸೈಲೆನ್ಸರಿನ ಬಿಸಿಗೆ ವ್ಯಾಕ್ಸ್ ಸುಟ್ಟು ಕಲೆಯಾಗುತ್ತದೆ. ಒರಟು ಕಪ್ಪು ಪ್ಲಾಸ್ಟಿಕ್‌ನ ಸಂದಿಗೆ ಹೋದರೆ ಬೆಳ್ಳಗೆ ಕೂತು ಏನು ಮಾಡಿದರೂ ಬಿಡುವುದಿಲ್ಲ. ಟೈರಿಗೆ ಹಚ್ಚಿದರೆ ಮೊದಲ ತಿರುವಿನಲ್ಲೇ ಜಾರುತ್ತೀರಿ. ಇನ್ನು ಸೀಟು. ಒಮ್ಮೆ ಉಮೇದಿನಲ್ಲಿ ನಾನೂ ಹಚ್ಚಿದ್ದೆ, ಹೊಳಪೇನೋ ಭರ್ಜರಿ ಬಂತು. ಹಿಂದೆ ಮನೆಯವರನ್ನು ಕೂರಿಸಿಕೊಂಡು ಹೊರಟೆ, ಗಾಂಧಿ ಚೌಕದ ಹತ್ತಿರ ಬ್ರೇಕ್ ಹಿಡಿದೆ, ಅವರು ಜಾರಿ ಬಂದು ನನ್ನ ಬೆನ್ನಿಗೆ ಹೊಡೆದರು, ಕೈಯಲ್ಲಿದ್ದ ಮೊಸರಿನ ಡಬ್ಬಿ ಟ್ಯಾಂಕಿನ ಮೇಲೆ ಚೆಲ್ಲಿತು. ಟ್ಯಾಂಕಿಗೆ ವ್ಯಾಕ್ಸ್ ಇತ್ತು, ಮೊಸರು ಸಲೀಸಾಗಿ ತೊಳೆದುಹೋಯಿತು. ಅವರು ಮಾತ್ರ ಅಂದು ಆಟೋ ಹಿಡಿದೇ ಮನೆಗೆ ಬಂದರು.