ಒಂದೇ ಚಿನ್ನದ ಕಣದ ಸ್ಪೆಕ್ಟ್ರಮ್‌ನಲ್ಲಿ ಎರಡು ಪೀಕ್ ಬಂದಿದೆ. ಇದು ಸ್ಟ್ರಾಂಗ್ ಕಪ್ಲಿಂಗ್ ಅಲ್ವಾ? ಪಿಎಚ್‌ಡಿಗೆ ಇದನ್ನೇ ಹಿಡಿಯಲಾ, ದೊಡ್ಡ ಕನ್ನಡಿ ಕ್ಯಾವಿಟಿಗೆ (ಕನ್ನಡಿಗಳ ನಡುವೆ ಬೆಳಕು ಹಿಡಿದಿಡುವ ಜಾಗ) ಹೋಗಲಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಹೊಟ್ಟೆಯೊಳಗೆ ಸ್ವಲ್ಪ ಉರಿಯೂ ಆಯಿತು. 2018ರಲ್ಲಿ ನಾನೂ ಇದೇ ಎರಡು ಪೀಕ್‌ಗಳ ಫೋಟೋ ತೆಗೆದು ಬದಿಯಡ್ಕದ ಮನೆಗೆ ಕಳಿಸಿದ್ದೆ. ಅಪ್ಪ ಅಡಿಕೆ ಸುಲಿಯುತ್ತಾ ನೋಡಿ, "ಎರಡು ಗುಡ್ಡೆ ಉಂಟು, ಅದರಲ್ಲೇನು?" ಅಂದಿದ್ದರು. ಅವರು ಹೇಳಿದ್ದೇ ಸರಿ ಅಂತ ಗೊತ್ತಾಗಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಆಗ ನಮ್ಮ ತಲೆಯಲ್ಲಿದ್ದದ್ದು ಸ್ಟ್ರಾಂಗ್ ಕಪ್ಲಿಂಗ್ ತೋರಿಸಿದ 2016ರ ಕೇಂಬ್ರಿಡ್ಜ್ ಪ್ರಯೋಗ. 40 ನ್ಯಾನೋಮೀಟರ್ ಚಿನ್ನದ ಕಣ, ಕೆಳಗೆ ಚಿನ್ನದ ಕನ್ನಡಿ, ನಡುವೆ ಒಂದು ನ್ಯಾನೋಮೀಟರಿಗೂ ಕಡಿಮೆ ಸಂದು. ಆ ಸಂದಿನಲ್ಲಿ ಮೆಥಿಲೀನ್ ಬ್ಲೂ ಅಣು. ಹೌದು, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಅದೇ ನೀಲಿ. ಅಣು ನೆಟ್ಟಗೆ ನಿಲ್ಲಲು ಕುಕರ್ಬಿಟುರಿಲ್ ಅನ್ನೋ ಸಣ್ಣ ಪೀಪಾಯಿ. ಹೆಸರು ಬಂದದ್ದು ಕುಂಬಳಕಾಯಿಯಿಂದ, ಆಕಾರ ನೋಡಿದರೆ ಗೊತ್ತಾಗುತ್ತದೆ.

ಸ್ಟ್ರಾಂಗ್ ಕಪ್ಲಿಂಗ್ ಅಂದರೆ ಏನು? ಒಂದೇ ಕೊಂಬೆಗೆ ಎರಡು ಜೋಕಾಲಿ ಕಟ್ಟಿ ಒಂದನ್ನು ತೂಗಿ. ಸ್ವಲ್ಪ ಹೊತ್ತಿಗೆ ಅದು ನಿಂತು ಇನ್ನೊಂದು ತೂಗುತ್ತದೆ, ಆಮೇಲೆ ಮತ್ತೆ ಮೊದಲಿನದು. ಬೆಳಕು ಮತ್ತು ಅಣುವಿನ ನಡುವೆ ಶಕ್ತಿ ಹೀಗೆ ಹೋಗಿ ಬರಬೇಕು, ಅದೂ ಬೆಳಕು ಸೋರಿಹೋಗುವ ಮೊದಲು. ಹಾಗಾದರೆ ಒಂದು ಪೀಕ್ ಒಡೆದು ಎರಡಾಗುತ್ತದೆ. ಚಿನ್ನದಲ್ಲಿ ಸೋರುವುದಕ್ಕೆ ಕೆಲವೇ ಫೆಮ್ಟೋಸೆಕೆಂಡ್ ಸಾಕು. ಸಂದು ಅಷ್ಟು ಚಿಕ್ಕದಿರುವುದು ಅದಕ್ಕೇ. ಜಾಗ ಕಿರಿದಾದಷ್ಟೂ ಹಿಡಿತ ಜಾಸ್ತಿ.

ಇನ್ನು ನನ್ನ ತಪ್ಪು. ಅರವತ್ತು ಕಣ ಅಳೆದಿದ್ದೆ, ಎರಡು ಪೀಕ್ ಇದ್ದದ್ದು ಹದಿನಾಲ್ಕರಲ್ಲಿ. ಹದಿನಾಲ್ಕನ್ನೇ ಇಟ್ಟುಕೊಂಡೆ. ಉಳಿದವು "ಸರಿಯಾಗಿ ಕೂತಿಲ್ಲ" ಅಂತ ನಾನೇ ತೀರ್ಮಾನ ಮಾಡಿದೆ. ಬಣ್ಣ, ಅಂದರೆ ಆ ನೀಲಿ ಅಣು, ಹಾಕದ ಸ್ಯಾಂಪಲ್ ಒಂದನ್ನೂ ಮಾಡಲಿಲ್ಲ. ಯಾಕೆ ಅಂದರೆ ಉತ್ತರ ಗೊತ್ತಿದೆ ಅಂದುಕೊಂಡಿದ್ದೆ ಮಾರಾಯ್ರೇ! ಲೇಖನ ವಾಪಸ್ ಬಂತು. ವಿಮರ್ಶಕರ ಪ್ರಶ್ನೆ ಒಂದೇ ಸಾಲು: ಬಣ್ಣ ಸತ್ತ ಮೇಲೆ ಏನಾಗುತ್ತದೆ?

ಆವತ್ತು ರಾತ್ರಿ ಒಂದು ಕಣದ ಮೇಲೆ ಲೇಸರ್ ಬಿಟ್ಟು ಕೂತೆ. ಬಣ್ಣ ಸುಟ್ಟುಹೋಗುವವರೆಗೆ. ನಿಜವಾದ ಸ್ಟ್ರಾಂಗ್ ಕಪ್ಲಿಂಗ್ ಆಗಿದ್ದರೆ ಎರಡು ಪೀಕ್ ಕೂಡಿ ಒಂದಾಗಬೇಕಿತ್ತು. ಎರಡೂ ಇದ್ದಲ್ಲೇ ಇದ್ದವು, ಒಂಚೂರೂ ಅಲ್ಲಾಡಲಿಲ್ಲ. ಕಣದ ತಳ ದುಂಡಗಿರಲಿಲ್ಲ, ಚಪ್ಪಟೆ. ಚಪ್ಪಟೆ ತಳದ ಕಣಕ್ಕೆ ಬಣ್ಣವೇ ಇಲ್ಲದಿದ್ದರೂ ಒಂದಕ್ಕಿಂತ ಜಾಸ್ತಿ ಪೀಕ್ ಬರುತ್ತದೆ. ನಾನು ಒಂದೂವರೆ ವರ್ಷ ಅಳೆದದ್ದು ಚಿನ್ನದ ಆಕಾರವನ್ನು. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು.

ಹಾಗಾಗಿ ಪ್ಲಾಸ್ಮಾನಿಕ್ಸಾ (ಹೀಗೆ ಲೋಹದ ಕಣದಲ್ಲಿ ಬೆಳಕು ಹಿಡಿಯುವುದು) ಕನ್ನಡಿಯಾ ಅನ್ನೋ ಪ್ರಶ್ನೆಯೇ ನಿಮಗೆ ಈಗ ಬೇಡ. ಕನ್ನಡಿ ಕ್ಯಾವಿಟಿಯಲ್ಲಿ ಬೆಳಕು ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಜಾಗ ದೊಡ್ಡದು, ಬಣ್ಣದ ಅಣುಗಳನ್ನು ರಾಶಿಗಟ್ಟಲೆ ತುಂಬಬೇಕು. ಆ ಲೆಕ್ಕ ಆಮೇಲೆ ಮಾಡಿ. ಒಂದು ಸ್ಪೆಕ್ಟ್ರಮ್‌ನ ಎರಡು ಪೀಕ್ ನೋಡಿ ಪಿಎಚ್‌ಡಿ ಆರಿಸುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಬೇರೆ ಬೇರೆ ಗಾತ್ರದ ಕಣ ತಗೊಂಡು ಪ್ಲಾಸ್ಮಾನ್ ಪೀಕ್ ಅನ್ನು, ಅಂದರೆ ಚಿನ್ನದ ಕಣದ್ದೇ ಪೀಕ್ ಅನ್ನು, ಬಣ್ಣ ಬೆಳಕು ಹೀರುವ 665 ನ್ಯಾನೋಮೀಟರ್ ದಾಟಿಸಿ. ಎರಡು ಪೀಕ್‌ಗಳ ಜಾಗವನ್ನು ಗ್ರಾಫಿನಲ್ಲಿ ಗುರುತಿಸಿದರೆ, ಎರಡು ಗೆರೆ ಹತ್ತಿರ ಬಂದು, ಮುಟ್ಟದೆ, ದೂರ ಸರಿಯಬೇಕು. ಆ ಅಂತರ ಪೀಕ್‌ಗಳ ಅಗಲಕ್ಕಿಂತ ಜಾಸ್ತಿ ಇರಬೇಕು. ಕೆಟ್ಟ ಕಣಗಳನ್ನೂ ಗ್ರಾಫಿನಲ್ಲಿ ಹಾಕಿ.

ಆದರೆ ಮೊದಲು, ಇವತ್ತೇ, ಬಣ್ಣ ಇಲ್ಲದ ಸ್ಯಾಂಪಲ್ ಒಂದು ಮಾಡಿ. ಪೀಕ್ ಎಷ್ಟು ಬಂತು ಅಂತ ಕೆಳಗೆ ಬರೆಯಿರಿ, ನಾನು ನೋಡುತ್ತೇನೆ.