ಓಬವ್ವನಾದರೆ ಬಹುಮಾನ, ಶಿನೋಬು ಆದರೆ ಬೈಗುಳ

ಪತ್ರ: “ಸಂಪಾದಕರೇ, ನನ್ನ ಮಗಳಿಗೆ ಇಪ್ಪತ್ತಾರು ವರ್ಷ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ. ಈ ಸಲ ಸಂಕ್ರಾಂತಿಗೆ ಊರಿಗೆ ಬರಲಿಲ್ಲ. ಕೇಳಿದರೆ, ‘ಮುಂದಿನ ಶನಿವಾರ-ಭಾನುವಾರ ವೈಟ್‌ಫೀಲ್ಡ್‌ನಲ್ಲಿ ಕಾಮಿಕ್ ಕಾನ್ ಅನ್ನೋ ಕಾಮಿಕ್ಸ್-ಕಾರ್ಟೂನ್ ಮೇಳ ಇದೆ, ಫ್ರೆಂಡ್ಸ್ ಎಲ್ಲ ಸೇರಿ ಕಾಸ್‌ಪ್ಲೇ, ಅಂದ್ರೆ ಇಷ್ಟದ ಪಾತ್ರಗಳ ವೇಷ, ಮಾಡ್ತಿದೀವಿ, ಹೊಲಿಗೆ ಇನ್ನೂ ಮುಗಿದಿಲ್ಲ’ ಅಂದಳು. ಆಮೇಲೆ ಫೋಟೊ ಕಳಿಸಿದಳು. ತಲೆಗೆ ನೇರಳೆ ಛಾಯೆಯ ವಿಗ್ಗು, ಮೈಮೇಲೆ ಚಿಟ್ಟೆ ರೆಕ್ಕೆಯ ನಿಲುವಂಗಿ, ಕೈಯಲ್ಲಿ ಕತ್ತಿ. ‘ಡೀಮನ್ ಸ್ಲೇಯರ್’ ಅನ್ನೋ ಜಪಾನಿ ಕಾರ್ಟೂನಿನ ಪಾತ್ರವಂತೆ. ಯುಕೆಜಿಯಲ್ಲಿ ಓಬವ್ವನ ವೇಷ ಹಾಕಿ ಫಸ್ಟ್ ಪ್ರೈಜ್ ತಂದ ಹುಡುಗಿ ಇವಳು. ಮದುವೆ ವಯಸ್ಸಿನಲ್ಲಿ ಇದೇನು ಮಕ್ಕಳಾಟ? ಹಣ ದಂಡ, ಸಮಯ ದಂಡ, ನಮ್ಮ ಸಂಸ್ಕೃತಿಯೂ ಅಲ್ಲ. ಮುಂದಿನ ವರ್ಷವೂ ಹೋಗ್ತಾಳಂತೆ. ನಾನೇನು ಹೇಳಲಿ?” — ಓದುಗರೊಬ್ಬರು, ಚಿತ್ರದುರ್ಗ

ಸಂಪಾದಕರ ಉತ್ತರ:

ನಿಮ್ಮ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಇಂಥ ಮೇಳಗಳು ಜೇಬಿಗೆ ಕತ್ತರಿ ಹಾಕುತ್ತವೆ. ಟಿಕೆಟ್ಟು, ವಿಗ್ಗು, ಕಾಂಟ್ಯಾಕ್ಟ್ ಲೆನ್ಸು, ಒಳಗೆ ಹೋದ ಮೇಲೆ ಬೊಂಬೆ, ಪೋಸ್ಟರು, ಟಿ-ಶರ್ಟು. ಹಬ್ಬಕ್ಕೆ ಮಗಳು ಬರಲಿಲ್ಲ ಅನ್ನೋ ಬೇಜಾರೂ ಅರ್ಥವಾಗುತ್ತದೆ. ಎಳ್ಳು-ಬೆಲ್ಲ ಕೊರಿಯರ್ ಮಾಡಿ ಯಾವ ಅಪ್ಪ ತಾನೇ ಖುಷಿಪಟ್ಟಾನು? ಆಯ್ತು, ಇಷ್ಟು ಒಪ್ಪಿದೆ. ಇನ್ನು ಜಗಳ.

ಯುಕೆಜಿಯ ಆ ಓಬವ್ವನ ಸೀರೆ, ಒನಕೆ ಎಲ್ಲಿಂದ ತಂದಿರಿ? ಫ್ಯಾನ್ಸಿ ಡ್ರೆಸ್ ಬಾಡಿಗೆ ಅಂಗಡಿಯಿಂದಲೇ ಅಲ್ವಾ? ಪಿನ್ನು ಹಾಕಿದ್ದು ಅಮ್ಮ, ಡೈಲಾಗ್ ಬಾಯಿಪಾಠ ಮಾಡಿಸಿದ್ದು ಅಪ್ಪ, ಮೀಸೆ ಬಿಡಿಸಿಕೊಂಡು ಹೈದರಾಲಿಯ ಸೈನಿಕನಾಗಿ ಬಿದ್ದವನು ಪಕ್ಕದ ಮನೆ ಹುಡುಗ. ಮಗು ಮಾಡಿದ್ದು ಒನಕೆ ಎತ್ತಿದ್ದಷ್ಟೇ. ಅದಕ್ಕೆ ಚಪ್ಪಾಳೆ ಹೊಡೆದು, ಫೋಟೊಗೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದಿರಿ. ಈಗ ಅದೇ ಹುಡುಗಿ ಬಟ್ಟೆಯನ್ನು ತಾನೇ ಆರಿಸಿ, ತಾನೇ ಕತ್ತರಿಸಿ, ತಾನೇ ಹೊಲಿದಿದ್ದಾಳೆ. ಅದಕ್ಕೆ ದಂಡ ಅಂತೀರಿ. ಇದು ಯಾವ ಊರಿನ ನ್ಯಾಯ ಸ್ವಾಮಿ?

ನಿಮ್ಮ ವಿವರ ನೋಡಿದರೆ ಅದು ಶಿನೋಬು ಕೋಚೋ. ಆಯ್ಕೆ ನೋಡಿ ನನಗೆ ನಗು ಬಂತು. ಆ ಕಥೆಯಲ್ಲಿ ರಕ್ಕಸರನ್ನು ಕತ್ತಿಯಿಂದ ಕೊಲ್ಲಬೇಕಾದರೆ ತಲೆ ಕತ್ತರಿಸಬೇಕು. ಶಿನೋಬುಗೆ ಅಷ್ಟು ತೋಳ್ಬಲ ಇಲ್ಲ. ಹಾಗಂತ ಸುಮ್ಮನೆ ಕೂರುವುದಿಲ್ಲ. ವಿಸ್ಟೀರಿಯಾ ಹೂವಿನಿಂದ ವಿಷ ತಯಾರಿಸಿ, ತೆಳ್ಳಗಿನ ಕತ್ತಿಯ ತುದಿಯಿಂದ ಚುಚ್ಚಿ ಕೊಲ್ಲುತ್ತಾಳೆ. ಕತ್ತಿ ಇಲ್ಲದ ಹೆಂಗಸು ಕೈಗೆ ಸಿಕ್ಕ ಒನಕೆ ಹಿಡಿದು ಕಿಂಡಿಯ ಪಕ್ಕ ನಿಂತ ಕಥೆಯನ್ನು ಚಿತ್ರದುರ್ಗದವರಿಗೆ ನಾನು ಹೇಳಬೇಕೇ? ನಿಮ್ಮ ಮಗಳು ಯುಕೆಜಿಯಿಂದ ಇವತ್ತಿನವರೆಗೆ ಒಂದೇ ಥರದ ಹೆಂಗಸರ ಬೆನ್ನು ಹತ್ತಿದ್ದಾಳೆ. ನೀವು ಗಮನಿಸಿಲ್ಲ ಅಷ್ಟೆ.

ಆ ನಿಲುವಂಗಿ ಎಷ್ಟು ತಲೆನೋವಿನ ಕೆಲಸ ಗೊತ್ತಾ? ಬಿಳಿ ಬಟ್ಟೆ ಅಂಚಿಗೆ ಬರುತ್ತಾ ತಿಳಿ ಹಸಿರಿಗೆ, ಗುಲಾಬಿಗೆ ತಿರುಗಬೇಕು. ಎಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಯಿತು ಅಂತ ಕಾಣಬಾರದು. ಹಾಗಾಗಿ ಬಟ್ಟೆ ಒದ್ದೆಯಿರುವಾಗಲೇ ಛಾಯೆ ಹಾಕಬೇಕು. ಪೂರ್ತಿ ಒಣಗಿದ ಮೇಲೆ ರೆಕ್ಕೆಯ ಕಪ್ಪು ನರಗಳು. ಆತುರಪಟ್ಟರೆ ಕಪ್ಪು ಹರಡಿ ಅಷ್ಟೂ ಹಾಳು. ಫೋಟೊದಲ್ಲಿ ಆ ನರಗಳು ನೀಟಾಗಿ ನಿಂತಿದ್ದರೆ, ಮಗಳಿಗೆ ತಾಳ್ಮೆ ಇಲ್ಲ ಅಂತ ಇನ್ನುಮುಂದೆ ಯಾರ ಹತ್ತಿರವೂ ಹೇಳಬೇಡಿ.

ಇದೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ತಂಗಿಯ ಮಗನ ಗುಂಪಿನ ಜೊತೆ ಒಂದು ವಾರಾಂತ್ಯ ನಾನೂ ಹೋಗಿದ್ದೆ. ಶುಕ್ರವಾರ ರಾತ್ರಿ ಅವರ ಬಾಡಿಗೆ ಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಡುಗೆ ಕಟ್ಟೆಯ ಮೇಲೆ ಸ್ಟೀಲ್ ಕೊಡ ಬೋರಲು ಹಾಕಿ, ಅದಕ್ಕೆ ಹಳದಿ-ಕೆಂಪು ವಿಗ್ಗು ತೊಡಿಸಿ, ಒಬ್ಬ ಡ್ರೈಯರ್ ಹಿಡಿದು ಕೂದಲು ನೆಟ್ಟಗೆ ನಿಲ್ಲಿಸುತ್ತಿದ್ದ. ಇನ್ನೊಬ್ಬಳು ಚಿಕ್ಕಪೇಟೆಯಿಂದ ತಂದ ಹಸಿರು ಬಟ್ಟೆಯ ಮೇಲೆ ಸ್ಕೇಲ್ ಇಟ್ಟು ಕಪ್ಪು ಚೌಕ ಎಳೆಯುತ್ತಿದ್ದಳು. ಮೂಲೆಯಲ್ಲಿ ನನ್ನ ಅಳಿಯ, ಜಿಮ್ಮಿನ ನೆಲಕ್ಕೆ ಹಾಸುವ ಫೋಮ್ ಶೀಟಿನಿಂದ ಭುಜಕವಚ ಮಾಡುತ್ತಿದ್ದ. ಮೊದಲು ಬ್ಲೇಡಿನಿಂದ ಕತ್ತರಿಸಬೇಕು. ಹೀಟ್ ಗನ್ನಿನ ಬಿಸಿಗೆ ಅದು ಮೆತ್ತಗಾಗುತ್ತದೆ, ಮೊಣಕಾಲಿನ ಮೇಲಿಟ್ಟು ಒತ್ತಿದರೆ ಬಾಗುತ್ತದೆ. ಜೋಡಿಸುವ ಎರಡೂ ಕಡೆಗೆ ಅಂಟು ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾಯಬೇಕು. ಒಂದು ಸಲ ಕೂರಿಸಿದರೆ ಮುಗೀತು, ಬಿಚ್ಚಿ ಸರಿ ಮಾಡುವ ಮಾತಿಲ್ಲ. ಆಮೇಲೆ ನೀರು ಬೆರೆಸಿದ ಫೆವಿಕಾಲನ್ನು ಮೇಲಿಂದ ಮೇಲೆ ಬಳಿದರೆ ರಂಧ್ರ ಮುಚ್ಚಿಕೊಳ್ಳುತ್ತವೆ. ಅದರ ಮೇಲೆ ಬಣ್ಣ. ಕೊನೆಗೆ ಬ್ರಶ್ಶನ್ನು ಪೇಪರಿಗೆ ಚೆನ್ನಾಗಿ ಒರೆಸಿ, ಉಳಿದಷ್ಟು ಬೆಳ್ಳಿ ಬಣ್ಣವನ್ನು ಅಂಚಿಗೆ ಮಾತ್ರ ಸವರಿದ. ನೋಡನೋಡುತ್ತಿದ್ದಂತೆ ಫೋಮು ಯುದ್ಧದಲ್ಲಿ ಸವೆದ ಕಬ್ಬಿಣ ಆಗಿಬಿಟ್ಟಿತು. ಮನೆಯಲ್ಲಿ ಅಂಗಿಯ ಗುಂಡಿ ಕಿತ್ತುಬಂದರೆ ಅಮ್ಮನನ್ನು ಕೂಗುತ್ತಿದ್ದ ಹುಡುಗ ಇವನು.

ಬೆಳಿಗ್ಗೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಹೊರಟೆವು. ಎದುರು ಕೂತಿದ್ದ ಹೆಂಗಸೊಬ್ಬರು “ಯಾವ ನಾಟಕ ಮಗಾ?” ಅಂತ ಕೇಳಿದರು. ಅವರು ಇಳಿಯುವವರೆಗೆ ಅಳಿಯನ ಕಥೆ ನಿಲ್ಲಲಿಲ್ಲ. ಜಪಾನಿನಲ್ಲೇ ಈ ಭಾಗ್ಯ ಇಲ್ಲ. ಟೋಕಿಯೊದ ದೊಡ್ಡ ಮೇಳ ಕಾಮಿಕೆಟ್‌ಗೆ ವೇಷ ಹಾಕಿಕೊಂಡು ಬರುವ ಹಾಗಿಲ್ಲ, ವೇಷದಲ್ಲಿ ಮನೆಗೆ ಹೋಗುವ ಹಾಗೂ ಇಲ್ಲ. ಅಲ್ಲಿಯೇ ಬಟ್ಟೆ ಬದಲಿಸಬೇಕು. ಬೆಂಗಳೂರಿನವರು ಈ ವಿಷಯದಲ್ಲಿ ಉದಾರಿಗಳು. ಮೈಸೂರು ಪೇಟ ಬಂದರೂ ಜಾಗ ಬಿಡುತ್ತಾರೆ, ಜಪಾನಿ ಕಾರ್ಟೂನಿನ ನರುಟೊ ಬಂದರೂ ಬಿಡುತ್ತಾರೆ.

ಗೇಟಿನ ಕ್ಯೂನಲ್ಲಿ ಭುಜಕವಚದ ಪಟ್ಟಿ ಕಿತ್ತುಬಂತು. ಅಳಿಯನ ಮುಖ ಸಪ್ಪಗಾಯಿತು. ಹಿಂದೆ ನಿಂತಿದ್ದ ಅಪರಿಚಿತ ಹುಡುಗಿಯೊಬ್ಬಳು ಬ್ಯಾಗಿನಿಂದ ಅಂಟು, ಪಿನ್ನು, ಟೇಪು ತೆಗೆದು ಅಲ್ಲೇ ಕೂತು ಸರಿಮಾಡಿಕೊಟ್ಟಳು. ಅವನ ಹೆಸರು ಕೇಳಲಿಲ್ಲ, “ಯಾವ ಗ್ಲೂ ಹಾಕಿದ್ದೆ?” ಅಂತ ಕೇಳಿದಳು. ಉತ್ತರ ಕೇಳಿ ತಲೆ ಚಚ್ಚಿಕೊಂಡಳು. ಅಲ್ಲಿಂದ ಅವರಿಬ್ಬರೂ ಮಾತಾಡಿದ್ದು ಅಂಟಿನ ಬಗ್ಗೆಯೇ. ನಾನು ಬಹಳ ಸಾಹಿತ್ಯ ಸಮ್ಮೇಳನ ನೋಡಿದ್ದೇನೆ. ಒಬ್ಬರು ಇನ್ನೊಬ್ಬರ ಕೆಲಸವನ್ನು ಇಷ್ಟು ಹತ್ತಿರದಿಂದ, ಇಷ್ಟು ಪ್ರೀತಿಯಿಂದ ನೋಡಿದ್ದು ಕಂಡಿಲ್ಲ.

ಹೆಣ್ಣುಮಕ್ಕಳ ಫೋಟೊ ಯಾರ್ಯಾರೋ ತೆಗೀತಾರೆ ಅನ್ನೋ ಆತಂಕವನ್ನು ನೀವು ಬರೆದಿಲ್ಲ, ಆದರೂ ಇರುತ್ತದೆ. ವೇಷ ಹಾಕಿದ ಮಾತ್ರಕ್ಕೆ ಮೈಮುಟ್ಟುವ, ಕೇಳದೆ ಫೋಟೊ ತೆಗೆಯುವ ಅನುಮತಿ ಸಿಕ್ಕಂತಲ್ಲ ಅಂತ ನ್ಯೂಯಾರ್ಕಿನ ಮೇಳದಲ್ಲಿ 2014ರಲ್ಲೇ ದೊಡ್ಡ ಬೋರ್ಡು ಹಾಕಿದ್ದರು. ಆ ಮಾತಿಗೆ ಹೋರಾಡಿದವರು ವೇಷ ಹಾಕುವ ಹುಡುಗಿಯರೇ. ನಮ್ಮ ಜಾತ್ರೆಗಳಲ್ಲಿ ಅಂಥ ಬೋರ್ಡು ಯಾವಾಗ ಬರುತ್ತದೋ ನೋಡೋಣ.

ಈ ಲೋಕ ನಿಂತಿರುವುದೇ ಹೆಣ್ಣುಮಕ್ಕಳ ಮೇಲೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥೆಗಳ ಸಮ್ಮೇಳನ ನಡೆಯಿತು. ಅಲ್ಲಿಗೆ ಫಾರೆಸ್ಟ್ ಆಕರ್‌ಮನ್ ಎಂಬಾತ ಭವಿಷ್ಯ ಕಾಲದ ಉಡುಪು ತೊಟ್ಟು ಬಂದದ್ದನ್ನು ಇವತ್ತಿಗೂ ಹೇಳುತ್ತಾರೆ. ಅವನ ಉಡುಪನ್ನೂ ತನ್ನದನ್ನೂ ತಯಾರಿಸಿ ಜೊತೆಯಲ್ಲೇ ಬಂದವಳು ಮರ್ಟಲ್ ಡಗ್ಲಸ್. ಹೊಲಿದವಳ ಹೆಸರು ಮಾತ್ರ ಬಹಳ ಕಾಲ ಹಿಂದೆ ಉಳಿಯಿತು. ಕಾಮಿಕೆಟ್ 1975ರ ಡಿಸೆಂಬರಿನಲ್ಲಿ ಶುರುವಾದಾಗ ಬಂದವರು ಸುಮಾರು 700 ಮಂದಿ. ಹೆಚ್ಚಿನವರು ಶಾಲೆಗೆ ಹೋಗುವ ಹುಡುಗಿಯರು. ಇವತ್ತು ಲಕ್ಷಗಟ್ಟಲೆ ಜನ ಸೇರುತ್ತಾರೆ.

ಇನ್ನು ನಿಮ್ಮ “ನಮ್ಮ ಸಂಸ್ಕೃತಿ”. ಯೂಗೊ ಸಾಕೊ ಎಂಬ ಜಪಾನಿ ನಿರ್ದೇಶಕರು ನಮ್ಮ ಅನಿಮೇಟರ್ ರಾಮ್ ಮೋಹನ್ ಅವರ ಜೊತೆ ಸೇರಿ ರಾಮಾಯಣವನ್ನೇ ಅನಿಮೆ, ಅಂದರೆ ಜಪಾನಿ ಶೈಲಿಯ ಕಾರ್ಟೂನ್ ಸಿನಿಮಾ, ಮಾಡಿದರು. ಪರದೇಶದವರು ರಾಮನನ್ನು ಕಾರ್ಟೂನ್ ಮಾಡುವುದೇ ಅಂತ ಆಗ ಇಲ್ಲಿ ವಿರೋಧವೂ ಬಂದಿತ್ತು. ಈಗ ಅದೇ ಚಿತ್ರವನ್ನು ಜನ ತಲೆಯ ಮೇಲೆ ಹೊತ್ತುಕೊಂಡು ಮೆರೆಸುತ್ತಾರೆ. ನಮ್ಮ ಉಡುಪಿಯ ಕಟಪಾಡಿಯ ರವಿ ಅವರನ್ನೇ ನೋಡಿ. ಕಟ್ಟಡ ಕೆಲಸದ ಕೂಲಿ. ಕೃಷ್ಣಾಷ್ಟಮಿಗೆ ಹಾಲಿವುಡ್ ಸಿನಿಮಾದ ದೈತ್ಯರ ಥರ ವೇಷ ಹಾಕಿ ಬೀದಿಗೆ ಇಳಿದವರು. ಬಂದ ದುಡ್ಡನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಟ್ಟವರು. ಅಷ್ಟಮಿಯ ದಿನ ಮಠದ ಬೀದಿಯಲ್ಲಿ ಹುಲಿವೇಷದ ಪಕ್ಕ ಆ ದೈತ್ಯ ನಡೆದು ಹೋದರೆ ಯಾರೂ ಸಂಸ್ಕೃತಿ ಕೆಟ್ಟಿತು ಅನ್ನುವುದಿಲ್ಲ. ಕರಾವಳಿಯವರಿಗೆ ವೇಷ ಎಂದರೆ ದೊಡ್ಡವರ ಕೆಲಸ. ಯಕ್ಷಗಾನದ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಬಣ್ಣದ ವೇಷದವರು ಮುಖಕ್ಕೆ ಅಕ್ಕಿ ಹಿಟ್ಟಿನ ಚುಟ್ಟಿ ಇಡುವುದನ್ನು ಮಕ್ಕಳಾಟ ಅಂದರೆ ಅಲ್ಲಿ ನಿಮಗೆ ನೀರು ಸಹ ಸಿಗುವುದಿಲ್ಲ. ಬಯಲುಸೀಮೆಯ ನಾವು ಮಾತ್ರ ವೇಷವನ್ನು ಯುಕೆಜಿಗೆ ಒಪ್ಪಿಸಿ ಕೈ ತೊಳೆದುಕೊಂಡೆವು.

ನಿಮ್ಮ ಮಗಳ ಮೇಲೆ ಸಿಟ್ಟು ಮಾಡುವ ಬದಲು, ಬನ್ನಿ, ಇಬ್ಬರೂ ಸೇರಿ ಬೇರೆಯವರ ಮೇಲೆ ಸಿಟ್ಟಾಗೋಣ. 2025ರ ಜನವರಿಯಲ್ಲಿ ಆ ರಾಮಾಯಣ ಭಾರತದ ಚಿತ್ರಮಂದಿರಗಳಿಗೆ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಡೀಮನ್ ಸ್ಲೇಯರ್‌ನ ಹೊಸ ಸಿನಿಮಾ ಬಂತು. ಜಪಾನಿ ಜೊತೆಗೆ ಮತ್ತದೇ ನಾಲ್ಕು ಭಾಷೆ. ಕನ್ನಡ ಎಲ್ಲಿ? ಡಬ್ಬಿಂಗ್ ಬಂದರೆ ನಮ್ಮ ಚಿತ್ರರಂಗ ಮುಳುಗುತ್ತದೆ ಅಂತ ದಶಕಗಳ ಕಾಲ ಬಾಗಿಲು ಹಾಕಿ ಕೂತೆವು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದ ಚಿತ್ರರಂಗದ ಸಂಘಟನೆಗಳಿಗೆ ದಂಡ ಹಾಕಿದ ಮೇಲೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಒಂದು ಪೀಳಿಗೆಯ ಮಕ್ಕಳು ಹಿಂದಿ ಡೊರೇಮಾನ್ ನೋಡಿ ಹಿಂದಿ ಕಲಿತಾಗಿತ್ತು. ಮಾಡಲು ಬರುವುದಿಲ್ಲ ಅಂತಲ್ಲ. 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನುಗಳು ಚೆನ್ನಾಗಿಯೇ ಕನ್ನಡ ಮಾತಾಡಿದವು. ಮಕ್ಕಳು ಟಿವಿ ಮುಂದಿನಿಂದ ಏಳುತ್ತಿರಲಿಲ್ಲ. ಹೊಸದಾಗಿ ಕೇಳಿದರೆ “ಮಾರ್ಕೆಟ್ ಇಲ್ಲ ಸಾರ್” ಅಂತಾರೆ. ಆ ಮೇಳದಲ್ಲಿ ನನ್ನ ಸುತ್ತ ಕಿವಿಗೆ ಬಿದ್ದ ಅರ್ಧ ಮಾತು ಕನ್ನಡ! “ಲೋ, ನನ್ ಕತ್ತಿ ಹಿಡ್ಕೊಳೋ” ಅಂತ ಕೂಗಾಡುವವರು ಮಾರ್ಕೆಟ್ ಅಲ್ವಾ?

ಶಾಲೆಗಳ ಕಥೆ ಇನ್ನೂ ಕೆಟ್ಟದು. ನಮ್ಮ ಕಾಲದಲ್ಲಿ ವಾರಕ್ಕೊಂದು ಕ್ರಾಫ್ಟ್ ಪೀರಿಯಡ್ ಇತ್ತು. ಹೊಲಿಗೆ, ಬುಟ್ಟಿ, ಮಣ್ಣಿನ ಕೆಲಸ. ಈಗ ಎಷ್ಟೋ ಕಡೆ ಅದನ್ನು ಗಣಿತದ ಮೇಷ್ಟ್ರು ಎತ್ತಿಕೊಂಡು ಹೋಗಿದ್ದಾರೆ. ಸೂಜಿಗೆ ದಾರ ಪೋಣಿಸಲು ಬರದ ಇಂಜಿನಿಯರುಗಳನ್ನು ತಯಾರಿಸಿ, ಅವರಲ್ಲಿ ಯಾರೋ ಒಬ್ಬಳು ಯೂಟ್ಯೂಬ್ ನೋಡಿ ತಾನಾಗಿ ಹೊಲಿಗೆ ಕಲಿತರೆ ಸಮಯ ದಂಡ ಅಂತೀವಿ.

ನಾನೇನು ಹೇಳಲಿ ಅಂತ ಕೇಳಿದ್ದೀರಿ. ನಾನೂ ಬರ್ತೀನಿ ಅನ್ನಿ. ಟಿಕೆಟ್ ಮುಂಚೆಯೇ ತಗೊಳ್ಳಿ, ಶನಿವಾರಕ್ಕಿಂತ ಭಾನುವಾರ ಮಧ್ಯಾಹ್ನದ ಮೇಲೆ ನೂಕುನುಗ್ಗಲು ಕಡಿಮೆ ಅಂತ ಹುಡುಗರು ಹೇಳ್ತಾರೆ. ಹಳೆಯ ಚಪ್ಪಲಿ ಬೇಡ, ನಡೆಯುವುದು ಜಾಸ್ತಿ. ನಿಜವಾದ ಕತ್ತಿ, ಚೂರಿ ಗೇಟಿನಲ್ಲೇ ತೆಗೆದಿಡುತ್ತಾರೆ. ಅಡಿಕೆ ಕತ್ತರಿ ಜೇಬಲ್ಲಿದ್ದರೆ ಮನೆಯಲ್ಲೇ ಬಿಡಿ. ಫೋಟೊ ತೆಗೆಯುವ ಮುಂಚೆ ಕೇಳಿ, ಎಲ್ಲರೂ ಖುಷಿಯಿಂದ ನಿಲ್ಲುತ್ತಾರೆ.

ಇನ್ನೊಂದು ಕೆಲಸ ಆಗಬೇಕು. ಆ ನಿಲುವಂಗಿಗೆ ಬಣ್ಣ ಹಾಕಿದ್ದು ಹೇಗೆ, ಯಾವ ಬಟ್ಟೆ, ಯಾವ ಬಣ್ಣ, ಎಲ್ಲಿ ಕೆಟ್ಟಿತು ಅಂತ ಮಗಳಿಂದ ನಮಗೊಂದು ಲೇಖನ ಬರೆಸಿ. ಕನ್ನಡದಲ್ಲಿ, ಎಂಟುನೂರು ಪದ ಸಾಕು. ಕಾಗುಣಿತ ಮರೆತಿದ್ದರೆ ಚಿಂತೆಯಿಲ್ಲ, ತಿದ್ದಲು ನಾವಿದ್ದೇವೆ. ಗೌರವಧನ ಒಂದು ವಿಗ್ಗಿಗೂ ಸಾಲದು, ಅದನ್ನು ಮಾತ್ರ ಮೊದಲೇ ಹೇಳಿಬಿಡಿ. ಯುಗಾದಿ ಸಂಚಿಕೆಗೆ ಎರಡು ಪುಟ ಖಾಲಿ ಇಟ್ಟಿದ್ದೇನೆ.