ಕೈಯಲ್ಲಿರುವ ಫ್ಲೇರ್, ಕೈಬಿಟ್ಟ ಫ್ಲೇರ್

ಫುಟ್‌ಬಾಲ್ ಸ್ಟೇಡಿಯಂ ಒಳಗೆ ಅಭಿಮಾನಿಗಳು ಫ್ಲೇರ್ (ಕೆಂಪು ಬೆಳಕು, ಹೊಗೆ ಕಾರುತ್ತಾ ಉರಿಯುವ ಸಂಕೇತದ ಕಡ್ಡಿ) ಹಚ್ಚುವುದು ಸರಿಯಾ, ತಪ್ಪಾ? ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ ಇದ್ದವು. ಕೆಲವರು ಪ್ರೀತಿಯಿಂದ ಕೇಳಿದ್ದಾರೆ, ಕೆಲವರು ಸಿಟ್ಟಿನಿಂದ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಅಗ್ನಿ ಸುರಕ್ಷತೆಯ ಕೆಲಸ ನನ್ನದು. ಫುಟ್‌ಬಾಲ್ ಹುಚ್ಚೂ ಇದೆ. ಎರಡೂ ಸೇರಿಯೇ ಈ ಉತ್ತರಗಳು.

ಪ್ರಶ್ನೆ: ಟೀವಿಯಲ್ಲಿ ಯುರೋಪಿನ ಪಂದ್ಯ ಹಾಕಿದರೆ ನಾನು ಆಟಕ್ಕಿಂತ ಮೊದಲು ನೋಡುವುದು ಗ್ಯಾಲರಿಯನ್ನ. ಇಡೀ ಸ್ಟ್ಯಾಂಡ್ ಕೆಂಪಗೆ ಹೊಳೆಯುತ್ತದೆ, ಸಾವಿರಾರು ಜನ ಒಂದೇ ದನಿಯಲ್ಲಿ ಹಾಡುತ್ತಾರೆ. ಮೇಲೆ ಆಕಾಶ, ಕೆಳಗೆ ಕಾಂಕ್ರೀಟ್. ಬೆಂಕಿ ಹತ್ತುವುದಕ್ಕೆ ಅಲ್ಲಿ ಏನಿದೆ? ಒಂದು ನಿಮಿಷ ಕೈಯಲ್ಲಿ ಹಿಡಿಯುವ ದೀಪಕ್ಕೆ ಇಷ್ಟೊಂದು ನಿಷೇಧ ಯಾಕೆ?

ಅದು ನಿಮಗೆ ಚೆಂದ ಕಾಣುತ್ತದೆ ಅಂದರೆ ನಾನು ಒಪ್ಪುತ್ತೇನೆ. ನನಗೂ ಚೆಂದವೇ. ಆ ಕೆಂಪು ಬೆಳಕು, ಹೊಗೆಯ ಮಧ್ಯೆ ಕಾಣುವ ಬಾವುಟ, ಅದನ್ನು ನೋಡಿ ಮೈ ಜುಂ ಅನ್ನದಿದ್ದರೆ ಫುಟ್‌ಬಾಲ್ ಗೊತ್ತಿಲ್ಲ ಅಂತಲೇ ಅರ್ಥ.

ಆದರೆ ದೀಪ ಅಂದಿರಲ್ಲ, ಅಲ್ಲಿ ನಿಲ್ಲೋಣ. ಹಡಗು ಮುಳುಗುವ ಹೊತ್ತಿನಲ್ಲಿ, ಮೈಲಿಗಟ್ಟಲೆ ದೂರದಲ್ಲಿರುವ ಇನ್ನೊಂದು ಹಡಗಿಗೆ ಕಾಣಲಿ ಅಂತ ಮಾಡಿದ ವಸ್ತು ಅದು. ಅಂತರರಾಷ್ಟ್ರೀಯ ಕಡಲ ಸುರಕ್ಷತಾ ನಿಯಮದ ಪ್ರಕಾರ ಹಡಗಿನ ಕೈ ಫ್ಲೇರ್ ಕನಿಷ್ಠ 1 ನಿಮಿಷ ಉರಿಯಬೇಕು, 15,000 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಬೆಳಕು ಕೊಡಬೇಕು. 10 ಸೆಂಟಿಮೀಟರ್ ನೀರಿನೊಳಗೆ 10 ಸೆಕೆಂಡ್ ಮುಳುಗಿಸಿ ತೆಗೆದರೂ ಉರಿಯುತ್ತಲೇ ಇರಬೇಕು. ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನೊಳಗಿನ ಮದ್ದಿನಲ್ಲೇ ಇಟ್ಟುಕೊಂಡಿರುತ್ತದೆ, ಹಾಗಾಗಿ ಹೊರಗಿನ ಗಾಳಿ ಬೇಕಾಗಿಲ್ಲ. ತುಳಿದರೆ ಆರುವುದಿಲ್ಲ, ಬಟ್ಟೆ ಮುಚ್ಚಿದರೆ ಆರುವುದಿಲ್ಲ. ಶಾಖ 1,600 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗಬಹುದು. ಕಬ್ಬಿಣ ಕರಗುವುದು 1,538 ಡಿಗ್ರಿಗೆ.

ತರಬೇತಿಯಲ್ಲಿ ಒಮ್ಮೆ ನಾನೇ ಒಂದನ್ನು ಹಿಡಿದಿದ್ದೆ. ದಪ್ಪ ಗ್ಲೌಸ್, ಕನ್ನಡಕ, ಬಯಲು ಜಾಗ, ಸುತ್ತ ಯಾರೂ ಇಲ್ಲ. ಮೊದಲು ಬಂದದ್ದು ಸದ್ದು. ಸ್ಟವ್ ಪಂಪು ಹೊಡೆದ ಹಾಗೆ ಭುರ್ ಅನ್ನುವ ಸದ್ದು, ಕಿವಿಯ ಹತ್ತಿರವೇ. ನೇರ ನೋಡಲು ಆಗಲಿಲ್ಲ, ಮುಖ ಪಕ್ಕಕ್ಕೆ ತಿರುಗಿಸಿದೆ. ಕೈ ಪೂರ್ತಿ ಚಾಚಿದ್ದರೂ ಕೆನ್ನೆ ಚುರುಗುಟ್ಟಿತು. ಆಮೇಲೆ ತುದಿಯಿಂದ ತೊಟ್ಟಿಕ್ಕಲು ಶುರುವಾಯಿತು. ಕರಗಿದ ಕಸ, ಒಂದೊಂದೇ ಹನಿ, ಕೆಳಗಿನ ಮರಳಿನ ಮೇಲೆ. ಬಿದ್ದ ಹನಿ ಅಲ್ಲೇ ಸ್ವಲ್ಪ ಹೊತ್ತು ಉರಿಯುತ್ತಿತ್ತು. ಆರಿದ ಮೇಲೆ ಕೆದಕಿ ನೋಡಿದರೆ ಮರಳು ಗಟ್ಟಿಯಾಗಿ ಕಪ್ಪು ಹರಳಿನ ಹಾಗೆ ಅಂಟಿಕೊಂಡಿತ್ತು.

ಈಗ ಅದೇ ಹನಿ ಗೋಲಿನ ಹಿಂದಿನ ಸ್ಟ್ಯಾಂಡಿನಲ್ಲಿ ಬೀಳುವುದನ್ನು ಯೋಚಿಸಿ. ಅಲ್ಲಿ ಕೈ ಚಾಚಲು ಜಾಗ ಇರುವುದಿಲ್ಲ. ಕೆಳಗಿನ ಮೆಟ್ಟಿಲಲ್ಲಿ ನಿಂತವನ ಭುಜ ನಿಮ್ಮ ಮುಂದೆಯೇ ಇರುತ್ತದೆ. ಅವನ ಮೈಮೇಲಿರುವುದು ಪಾಲಿಯೆಸ್ಟರ್ ಜೆರ್ಸಿ. ಪಾಲಿಯೆಸ್ಟರ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಕಿತ್ತರೆ ಚರ್ಮವೂ ಬರುತ್ತದೆ. ಅಷ್ಟರಲ್ಲಿ ಗೋಲು ಬಿದ್ದರಂತೂ ಹಿಂದಿನವರೆಲ್ಲ ಒಟ್ಟಿಗೆ ಮುಂದಕ್ಕೆ ನುಗ್ಗುತ್ತಾರೆ.

ಇನ್ನೊಂದು ವಿಷಯ ಟೀವಿಯಲ್ಲಿ ಕಾಣುವುದಿಲ್ಲ. ನಿಷೇಧ ಇರುವ ಕಡೆ ಹುಡುಗರು ಕ್ಯಾಮೆರಾಗೆ ಮುಖ ಸಿಗಬಾರದು ಅಂತ ದೊಡ್ಡ ಬ್ಯಾನರ್ ಕೆಳಗೆ ನುಸುಳಿ ಹಚ್ಚುತ್ತಾರೆ. ತಲೆಯ ಮೇಲೆ ಬಟ್ಟೆ, ಕೈಯಲ್ಲಿ ಬೆಂಕಿ. ಕಾಂಕ್ರೀಟ್ ಹತ್ತಿ ಉರಿಯದೇ ಇರಬಹುದು, ಬಟ್ಟೆ ಉರಿಯುತ್ತದೆ ಅಲ್ವಾ? ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ದೃಶ್ಯ ಇದೇ.

ಪ್ರಶ್ನೆ: ಫ್ಲೇರ್‌ನಿಂದ ನಿಜವಾಗಿ ಯಾರಾದರೂ ಸತ್ತಿದ್ದಾರಾ? ಅಥವಾ ಇದೆಲ್ಲ ಪೊಲೀಸರು ಸುಮ್ನೆ ಹೆದರಿಸುವ ಮಾತಾ?

ಸತ್ತಿದ್ದಾರೆ. 1979ರ ಅಕ್ಟೋಬರ್ 28, ರೋಮ್ ನಗರದ ಒಲಿಂಪಿಕ್ ಸ್ಟೇಡಿಯಂ, ಅದೇ ಊರಿನ ರೋಮಾ ಮತ್ತು ಲಾಜಿಯೋ ತಂಡಗಳ ಪಂದ್ಯ, ಅಂದರೆ ಡರ್ಬಿ. ಪಂದ್ಯ ಇನ್ನೂ ಶುರುವಾಗಿರಲಿಲ್ಲ. ರೋಮಾ ಅಭಿಮಾನಿಗಳ ಕಡೆಯಿಂದ ಹಾರಿದ ಹಡಗಿನ ರಾಕೆಟ್ ಇಡೀ ಮೈದಾನ ದಾಟಿ ಎದುರು ಸ್ಟ್ಯಾಂಡಿನಲ್ಲಿ ಕೂತಿದ್ದ 33 ವರ್ಷದ ಮೆಕ್ಯಾನಿಕ್ ಒಬ್ಬರ ಕಣ್ಣಿಗೆ ಬಡಿಯಿತು. ಪಕ್ಕದಲ್ಲೇ ಹೆಂಡತಿ ಇದ್ದರು. ಆ ಮೆಕ್ಯಾನಿಕ್ ಉಳಿಯಲಿಲ್ಲ. 1992ರ ಮಾರ್ಚ್‌ನಲ್ಲಿ ಬಾರ್ಸಿಲೋನಾದ ಎಸ್ಪಾನ್ಯೋಲ್ ಮೈದಾನದಲ್ಲಿ 13 ವರ್ಷದ ಹುಡುಗ. 1993ರ ನವೆಂಬರ್‌ನಲ್ಲಿ ಕಾರ್ಡಿಫ್‌ನಲ್ಲಿ, ವೇಲ್ಸ್ ಮತ್ತು ರೊಮೇನಿಯಾ ಪಂದ್ಯ ನೋಡಲು ಬಂದಿದ್ದ 67 ವರ್ಷದ ಹಿರಿಯರು. 2013ರ ಫೆಬ್ರುವರಿಯಲ್ಲಿ ಬೊಲಿವಿಯಾದ ಒರುರೋದಲ್ಲಿ 14 ವರ್ಷದ ಹುಡುಗ.

ಇಲ್ಲಿ ಒಂದು ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. ಈ ನಾಲ್ಕೂ ಸಾವು ಹಾರುವ ಫ್ಲೇರ್‌ನಿಂದ ಆದದ್ದು. ಕೈಯಲ್ಲಿ ಹಿಡಿದು ಉರಿಸುವ ಫ್ಲೇರ್ ಬೇರೆ, ರಾಕೆಟ್ ಬೇರೆ. ಹಡಗಿನ ಪ್ಯಾರಾಚೂಟ್ ರಾಕೆಟ್ ಕನಿಷ್ಠ 300 ಮೀಟರ್ ಎತ್ತರ ಹಾರಬೇಕು ಅಂತ ನಿಯಮ ಇದೆ. ಫುಟ್‌ಬಾಲ್ ಮೈದಾನದ ಉದ್ದ 105 ಮೀಟರ್. ಆಕಾಶಕ್ಕೆ 300 ಮೀಟರ್ ಏರಬಲ್ಲದ್ದನ್ನು ಅಡ್ಡ ಹಿಡಿದು ಬಿಟ್ಟರೆ ಎದುರಿನ ಗ್ಯಾಲರಿ ಅದಕ್ಕೆ ಲೆಕ್ಕವೇ ಇಲ್ಲ. ಎಲ್ಲವನ್ನೂ ಒಂದೇ ಹೆಸರಿನಲ್ಲಿ ಸೇರಿಸಿ ಮಾತಾಡುವುದರಿಂದ ಈ ಚರ್ಚೆ ಹಾಳಾಗಿದೆ. ರಾಕೆಟ್ ಬಗ್ಗೆ ಚರ್ಚೆಯೇ ಬೇಡ, ಅದು ಒಳಗೆ ಬರಲೇಬಾರದು.

ಹಾಗಂತ ಕೈ ಫ್ಲೇರ್ ಕೈಯಲ್ಲೇ ಇರುತ್ತದೆ ಅಂತ ಗ್ಯಾರಂಟಿ ಇಲ್ಲ. 2005ರ ಏಪ್ರಿಲ್ 12ರಂದು ಮಿಲಾನ್‌ನಲ್ಲಿ ಅದೇ ಊರಿನ ಇಂಟರ್ ಮತ್ತು ಎಸಿ ಮಿಲಾನ್ ತಂಡಗಳ ನಡುವೆ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್ ನಡೆಯುತ್ತಿತ್ತು. ಇಂಟರ್ ಸೋಲುತ್ತಿತ್ತು. ಅದರ ಒಂದು ಗೋಲನ್ನು ರೆಫರಿ ರದ್ದು ಮಾಡಿದರು. ಅಷ್ಟೇ, ಬಾಟಲಿಗಳು ಬಂದವು, ಫ್ಲೇರ್‌ಗಳು ಬಂದವು. ಅದರಲ್ಲಿ ಒಂದು ಫ್ಲೇರ್, ಎಸಿ ಮಿಲಾನ್ ಗೋಲ್‌ಕೀಪರ್ ಡಿಡಾ ಭುಜಕ್ಕೆ ಬಡಿಯಿತು. ಪಂದ್ಯ ನಿಲ್ಲಿಸಿ, ಮತ್ತೆ ಶುರು ಮಾಡಿ, ಮತ್ತೆ ಫ್ಲೇರ್ ಬಿದ್ದು ಕೊನೆಗೆ ಕೈಬಿಟ್ಟರು. ಆ ರಾತ್ರಿಯ ಫೋಟೋ ನೀವೂ ನೋಡಿರುತ್ತೀರಿ. ಇಂಟರ್‌ನ ಮ್ಯಾಟೆರಾಜಿ ಎದುರಾಳಿ ತಂಡದ ರುಯಿ ಕೋಸ್ಟಾ ಭುಜದ ಮೇಲೆ ಮೊಣಕೈ ಊರಿ ನಿಂತಿದ್ದಾರೆ. ಇಬ್ಬರೂ ಹೊಗೆ ನೋಡುತ್ತಿದ್ದಾರೆ. ಆ ಫೋಟೋವನ್ನು ಜನ ಗೋಡೆಗೆ ಹಾಕಿಕೊಳ್ಳುತ್ತಾರೆ. ನಾನು ಅದನ್ನು ನೋಡಿದಾಗಲೆಲ್ಲ ಫ್ರೇಮಿನ ಹೊರಗೆ ಸುಟ್ಟ ಭುಜ ಹಿಡಿದುಕೊಂಡಿರುವ ಡಿಡಾ ನೆನಪಾಗುತ್ತಾರೆ.

ಹತ್ತು ವರ್ಷದ ನಂತರ, 2015ರ ಮಾರ್ಚ್‌ನಲ್ಲಿ ಮಾಂಟೆನೆಗ್ರೊದಲ್ಲೂ ಇದೇ ಆಯಿತು. ಪಂದ್ಯದ ಮೊದಲ ನಿಮಿಷದಲ್ಲೇ ರಷ್ಯಾ ಗೋಲ್‌ಕೀಪರ್ ಅಕಿನ್‌ಫೀವ್ ಅವರಿಗೆ ಫ್ಲೇರ್ ಬಡಿದು, ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರು.

ಪ್ರಶ್ನೆ: ಮಗನಿಗೆ 19 ವರ್ಷ, ಇಂಗ್ಲೆಂಡಿನಲ್ಲಿ ಓದುತ್ತಿದ್ದಾನೆ. ವಾರ ವಾರ ಮ್ಯಾಚಿಗೆ ಹೋಗುತ್ತಾನೆ. ಅಲ್ಲಿನ ಗೆಳೆಯರು, "ನೀನು ಹೊಸಬ, ನಿನ್ನನ್ನು ಯಾರೂ ಜಾಸ್ತಿ ಚೆಕ್ ಮಾಡಲ್ಲ, ಎರಡು ಫ್ಲೇರ್ ಒಳಗೆ ತಗೊಂಡು ಬಾ" ಅಂತ ಹೇಳಿದ್ದಾರಂತೆ. ಫೋನಿನಲ್ಲಿ ನಗುತ್ತಾ ಹೇಳಿದ. ನನಗೆ ನಿದ್ದೆ ಬರುತ್ತಿಲ್ಲ.

ಇವತ್ತೇ ಫೋನ್ ಮಾಡಿ. ಬೈಯಬೇಡಿ, ಈ ಮಾತುಗಳನ್ನು ಓದಿ ಹೇಳಿ.

ಇಂಗ್ಲೆಂಡಿನಲ್ಲಿ ಇದಕ್ಕೆ 1985ರ ಕಾನೂನಿನ ಅಡಿ ಪ್ರತ್ಯೇಕ ಕಲಮೇ ಇದೆ. ಹಚ್ಚಬೇಕಾಗಿಲ್ಲ. ಜೇಬಿನಲ್ಲಿ ಇಟ್ಟುಕೊಂಡು ಗೇಟಿನ ಹತ್ತಿರ ಒಳಗೆ ಹೋಗಲು ನೋಡಿದರೂ ಅಪರಾಧ. 3 ತಿಂಗಳವರೆಗೆ ಜೈಲಾಗಬಹುದು. ಅದರ ಜೊತೆ ಕೋರ್ಟು ಫುಟ್‌ಬಾಲ್ ಬ್ಯಾನಿಂಗ್ ಆರ್ಡರ್ ಹಾಕಿದರೆ ಕನಿಷ್ಠ 3 ವರ್ಷ ಯಾವ ಮೈದಾನಕ್ಕೂ ಕಾಲಿಡುವಂತಿಲ್ಲ. ಕೆಲವು ವಿದೇಶಿ ಪಂದ್ಯಗಳ ಸಮಯದಲ್ಲಿ ಪಾಸ್‌ಪೋರ್ಟ್ ಕೂಡ ಪೊಲೀಸರಿಗೆ ಒಪ್ಪಿಸಬೇಕಾಗುತ್ತದೆ. 2022ರಿಂದ ಕ್ಲಬ್‌ಗಳೂ ತಮ್ಮ ಕಡೆಯಿಂದ ಕನಿಷ್ಠ 1 ವರ್ಷ ನಿಷೇಧ ಹಾಕುತ್ತಿವೆ. ಓದಲು ಹೋದ ಹುಡುಗನಿಗೆ ಇದಕ್ಕಿಂತ ದೊಡ್ಡದು ವೀಸಾ. ಶಿಕ್ಷೆಯಾಗಿದ್ದರೆ ಮುಂದಿನ ಪ್ರತಿ ಅರ್ಜಿಯಲ್ಲೂ ಅದನ್ನು ಬರೆಯಲೇಬೇಕು.

ಮತ್ತೆ ಇದನ್ನೂ ಹೇಳಿ. ಹುಡುಗರು ಇದನ್ನು ಒಳಉಡುಪಿನಲ್ಲಿ, ಸಾಕ್ಸಿನಲ್ಲಿ ಬಚ್ಚಿಟ್ಟು ಒಯ್ಯುತ್ತಾರೆ. ಎಳೆದರೆ ಹತ್ತುವ ವಸ್ತುವನ್ನು ಮೈಗೆ ಅಂಟಿಸಿಕೊಂಡು ನೂಕುನುಗ್ಗಲಿನಲ್ಲಿ ನಿಲ್ಲುವುದು ಅಂದರೆ ಏನು ಅಂತ ಅವನೇ ಯೋಚಿಸಲಿ.

ಹಿಂದೆ ಹೇಳಿದ ಒರುರೋ ಘಟನೆಯಲ್ಲಿ ಬ್ರೆಜಿಲ್‌ನ ಕೊರಿಂಥಿಯನ್ಸ್ ಗೋಲು ಹೊಡೆದ ಬೆನ್ನಿಗೇ ಅದರ ಅಭಿಮಾನಿಗಳ ಗುಂಪಿನಿಂದ ರಾಕೆಟ್ ಹಾರಿತು. 12 ಅಭಿಮಾನಿಗಳು ತಿಂಗಳುಗಟ್ಟಲೆ ಬೊಲಿವಿಯಾದ ಜೈಲಿನಲ್ಲಿದ್ದರು. ಆಮೇಲೆ ಬ್ರೆಜಿಲ್‌ನಲ್ಲಿ 17 ವರ್ಷದ ಹುಡುಗನೊಬ್ಬ ಮುಂದೆ ಬಂದು, ಹಾರಿಸಿದ್ದು ನಾನು, ಬೇಕಂತ ಮಾಡಿದ್ದಲ್ಲ ಅಂದ. ಸತ್ತವನಿಗೆ 14, ಹಾರಿಸಿದೆ ಅಂದವನಿಗೆ 17. ಇಬ್ಬರೂ ಫುಟ್‌ಬಾಲ್ ನೋಡಲು ಬಂದ ಮಕ್ಕಳು.

ಹೊಸಬನ ಕೈಯಲ್ಲಿ ಅಪಾಯದ ಕೆಲಸ ಮಾಡಿಸುವವರು ಗೆಳೆಯರಲ್ಲ ಅಂತ ನಾನು ಬರೆದರೆ ಅವನಿಗೆ ಕೋಪ ಬರಬಹುದು. ಬರಲಿ. ನಾನು ಹಾಗೇ ಅಂದುಕೊಂಡಿದ್ದೇನೆ.

ಪ್ರಶ್ನೆ: ಜರ್ಮನಿಯಲ್ಲಿ, ನಾರ್ವೆಯಲ್ಲಿ ಅನುಮತಿ ಕೊಟ್ಟು ಹಚ್ಚಿಸಿದ್ದಾರೆ. ಅಲ್ಲಿ ಆಗುವುದು ಬೇರೆ ಕಡೆ ಯಾಕೆ ಆಗಲ್ಲ? ನಿಷೇಧ ಹಾಕಿ 30 ವರ್ಷ ಆದರೂ ಫ್ಲೇರ್ ನಿಂತಿಲ್ಲವಲ್ಲ.

ಬಂದ ಪತ್ರಗಳಲ್ಲೆಲ್ಲ ಒಳ್ಳೆಯ ಪ್ರಶ್ನೆ ಇದು. ನಿಂತಿಲ್ಲ, ನಿಜ. ನಿಷೇಧದಿಂದ ಫ್ಲೇರ್ ಹೋಗಲಿಲ್ಲ, ಬ್ಯಾನರ್ ಕೆಳಗೆ ಹೋಯಿತು.

ಜರ್ಮನಿಯಲ್ಲಿ ಅಲ್ಟ್ರಾಸ್ ಅನ್ನುವ ಕಟ್ಟಾ ಅಭಿಮಾನಿಗಳ ಗುಂಪುಗಳೇ ಒಟ್ಟುಗೂಡಿ 2010ರ ಹೊತ್ತಿಗೆ ಫ್ಲೇರ್ ಕಾನೂನುಬದ್ಧ ಮಾಡಿ ಅಂತ ಚಳವಳಿ ನಡೆಸಿದವು. ಪಟಾಕಿ ಸಿಡಿಸಲ್ಲ, ಎಸೆಯಲ್ಲ, ನಮಗೆ ಒಂದು ಜಾಗ ಕೊಡಿ ಅಂತ ಅವರ ಮಾತು. ಜರ್ಮನ್ ಫುಟ್‌ಬಾಲ್ ಸಂಸ್ಥೆ 2011ರಲ್ಲಿ ಮಾತುಕತೆ ಮುರಿದುಕೊಂಡಿತು. ನನ್ನ ಅಭಿಪ್ರಾಯದಲ್ಲಿ ಅದು ದೊಡ್ಡ ತಪ್ಪು. ತಾವಾಗಿಯೇ ಷರತ್ತು ಹಾಕಿಕೊಂಡು ಬಂದವರನ್ನು ವಾಪಸ್ ಕಳಿಸಿದರೆ ಅವರ ಗುಂಪಿನಲ್ಲಿ ಮಾತುಕತೆ ಬೇಡ ಅನ್ನುವವರ ಕೈ ಮೇಲಾಗುತ್ತದೆ.

ಸುಮಾರು ಎಂಟು ವರ್ಷ ಕಳೆದ ಮೇಲೆ, 2020ರ ಫೆಬ್ರುವರಿ 8ರಂದು ಹ್ಯಾಂಬರ್ಗ್‌ನಲ್ಲಿ ಒಂದು ಪ್ರಯೋಗ ನಡೆಯಿತು. ಕಾರ್ಲ್ಸ್‌ರೂ ವಿರುದ್ಧದ ಪಂದ್ಯಕ್ಕೆ ಮುಂಚೆ, ಅಭಿಮಾನಿಗಳ ಸ್ಟ್ಯಾಂಡಿನ ಮುಂದೆ, ಜನರಿಂದ ದೂರದಲ್ಲಿ 10 ಹೊಗೆ ಡಬ್ಬಿ ಹಚ್ಚಿದರು. ಫುಟ್‌ಬಾಲ್ ಸಂಸ್ಥೆಯ ಒಪ್ಪಿಗೆ ಇತ್ತು, ತಜ್ಞರ ಕಣ್ಗಾವಲು ಇತ್ತು. ಯಾರಿಗೂ ಏನೂ ಆಗಲಿಲ್ಲ. ನಾರ್ವೆಯಲ್ಲಿ ಅಗ್ನಿಶಾಮಕ ಇಲಾಖೆಯ ಅನುಮತಿ ಪಡೆದು, ತರಬೇತಿ ಪಡೆದ ಅಭಿಮಾನಿಗಳೇ ಹಚ್ಚುವ ಪದ್ಧತಿ ನಡೆದುಬಂದಿದೆ. ಫ್ರಾನ್ಸ್ ಕೂಡ 2022ರಲ್ಲಿ ಕಾನೂನು ಮಾಡಿ ಪ್ರಯೋಗಕ್ಕೆ ದಾರಿ ಬಿಟ್ಟಿತು. ಡೆನ್ಮಾರ್ಕ್‌ನ ಬ್ರೊಂಡ್ಬಿ ಕ್ಲಬ್ ಕಡೆಯಿಂದ ಕಡಿಮೆ ಶಾಖದ ಫ್ಲೇರ್ ಮಾಡುವ ಪ್ರಯತ್ನವೂ ನಡೆದಿದೆ. ಅದರಲ್ಲಿ ಸುಟ್ಟಗಾಯದ ಭಯ ಕಡಿಮೆ, ಹೊಗೆ ಮಾತ್ರ ಹೊಗೆಯೇ.

ನಾನು ಇಂಥ ಪ್ರಯೋಗದ ಪರ. ಹಚ್ಚುವವರ ಹೆಸರು ಮೊದಲೇ ಗೊತ್ತಿರಲಿ. ಗ್ಯಾಲರಿಯ ಒಳಗೆ ಬೇಡ, ಮುಂದೆ ಖಾಲಿ ಪಟ್ಟಿಯಲ್ಲಿ ಹಚ್ಚಲಿ. ಕೈಗೆ ಗ್ಲೌಸ್, ಪಕ್ಕದಲ್ಲಿ ಮರಳಿನ ಬಕೆಟ್ ಇರಲಿ. ಆ ದಿನದ ಗಾಳಿ ನೋಡಿ ಬೇಡ ಅನ್ನುವ ಅಧಿಕಾರ ಒಬ್ಬರಿಗೆ ಇರಲಿ.

ಇದಕ್ಕೆ ಹಳೆಯ ಅಲ್ಟ್ರಾಸ್ ಒಪ್ಪುವುದಿಲ್ಲ ಅಂತಲೂ ಗೊತ್ತು. ಅನುಮತಿ ಪಡೆದು ಹಚ್ಚಿದ ಬೆಂಕಿ ನಮ್ಮದಲ್ಲ ಅನ್ನುತ್ತಾರೆ. 90ನೇ ನಿಮಿಷದಲ್ಲಿ ಗೋಲು ಬಿದ್ದಾಗ ಎದೆಯೊಳಗೆ ಹತ್ತುವುದನ್ನು ಟೈಮ್‌ಟೇಬಲ್ ಹಾಕಿ ಹಚ್ಚಲು ಆಗುತ್ತದಾ ಅಂತ ಅವರ ವಾದ. ಆ ಮಾತಿನಲ್ಲಿ ನೋವಿದೆ, ನನಗೆ ಅರ್ಥವಾಗುತ್ತದೆ. ಆದರೆ ಅವರ ಸಂತೋಷದ ಬೆಲೆಯನ್ನು ಕೆಳಗಿನ ಮೆಟ್ಟಿಲಲ್ಲಿ ನಿಂತವನು ಕೊಡುವುದನ್ನು ನಾನು ಒಪ್ಪಲಾರೆ. ಅವನನ್ನು ಯಾರೂ ಕೇಳಿರುವುದಿಲ್ಲ. ಕಿಕ್ಕಿರಿದ ಗ್ಯಾಲರಿಯ ಮಧ್ಯೆ ಇದನ್ನು ಸುರಕ್ಷಿತವಾಗಿ ಹಚ್ಚುವ ವಿಧಾನ ಇಲ್ಲ. ಇದ್ದಿದ್ದರೆ ನಾನೇ ಮೊದಲು ಹೇಳುತ್ತಿದ್ದೆ.

ಕ್ಲಬ್‌ಗಳಿಗೆ ದಂಡ ಹಾಕುವ ಬಗ್ಗೆಯೂ ಒಬ್ಬರು ಕೇಳಿದ್ದರು. ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಅಭಿಮಾನಿ ಹಚ್ಚಿದ್ದಕ್ಕೆ ಕ್ಲಬ್ಬೇ ಹೊಣೆ. ದಂಡ ಕಟ್ಟಿ ಕಟ್ಟಿ ಅದು ಖರ್ಚಿನ ಲೆಕ್ಕದಲ್ಲಿ ಒಂದು ಸಾಲಾಗಿಬಿಟ್ಟಿದೆ. ಅದೇ ದುಡ್ಡನ್ನು ತರಬೇತಿಗೆ ಹಾಕಿಸಿದರೆ ಲೇಸು.

ಪ್ರಶ್ನೆ: ನನಗೆ ಅಸ್ತಮಾ ಇದೆ. ಪಕ್ಕದಲ್ಲಿ ಯಾರಾದರೂ ಫ್ಲೇರ್ ಅಥವಾ ಸ್ಮೋಕ್ ಬಾಂಬ್ ಹಚ್ಚಿದರೆ ಏನು ಮಾಡಲಿ?

ಹೊಗೆ ಬರುವ ಮುಂಚೆಯೇ ಜಾಗ ಬದಲಿಸಿ. ಟಿಕೆಟ್ ತೆಗೆಯುವಾಗಲೇ ಗೋಲಿನ ಹಿಂದಿನ ಸ್ಟ್ಯಾಂಡ್ ಬಿಟ್ಟು ಪಕ್ಕದ್ದನ್ನು ಆರಿಸಿ, ಮೆಟ್ಟಿಲ ದಾರಿಯ ಹತ್ತಿರದ ಸೀಟು ಇರಲಿ. ಇನ್ಹೇಲರ್ ಬ್ಯಾಗಿನಲ್ಲಿ ಬೇಡ, ಜೇಬಿನಲ್ಲಿರಲಿ. ದೊಡ್ಡ ಬ್ಯಾನರ್ ತಲೆಯ ಮೇಲೆ ಬರುತ್ತಿದೆ ಅಂದರೆ ಅದರ ಅಂಚಿಗೆ ಸರಿಯಿರಿ. ಹತ್ತಿದ ಮೇಲಾದರೆ ಗಾಳಿ ಬರುವ ಕಡೆಗೆ ಪಕ್ಕಕ್ಕೆ ನಡೆಯಿರಿ, ಮೇಲಿನ ಮೆಟ್ಟಿಲಿಗೆ ಹತ್ತಬೇಡಿ, ಬಿಸಿ ಹೊಗೆ ಅಲ್ಲಿಗೇ ಏರುತ್ತದೆ. ಓಡಬೇಡಿ. ಮೂಗು ಬಾಯಿಗೆ ಬಟ್ಟೆ ಹಿಡಿದರೆ ಅಷ್ಟಿಷ್ಟು ತಡೆಯಬಹುದು, ಅದನ್ನೇ ನಂಬಿ ಅಲ್ಲೇ ನಿಲ್ಲಬೇಡಿ.

ಕಾಲ ಹತ್ತಿರ ಉರಿಯುವ ಫ್ಲೇರ್ ಬಿದ್ದರೆ ಒದೆಯಬೇಡಿ, ಎತ್ತಬೇಡಿ, ನೀರು ಸುರಿಯಬೇಡಿ. ಹಿಂದೆ ಸರಿದು, ಮರಳಿನ ಬಕೆಟ್ ಹಿಡಿದು ಬರುವ ಸಿಬ್ಬಂದಿಗೆ ದಾರಿ ಬಿಡಿ. ಉಸಿರು ಕಟ್ಟುತ್ತಿದ್ದರೆ ಪಂದ್ಯ ಎಷ್ಟೇ ಜೋರಾಗಿರಲಿ, ಹೊರಗೆ ಬಂದು ಪ್ರಥಮ ಚಿಕಿತ್ಸೆಯವರ ಹತ್ತಿರ ಕೂತುಕೊಳ್ಳಿ.